ಹೆಂಡತಿಯ ಡ್ರೋನೂ ನನ್ನ ಅಚ್ಚುಕಟ್ಟೂ

ಚಿಂತೆ ಮಾಡುವುದಕ್ಕೂ ಒಂದು ಶಿಸ್ತು ಬೇಕು ಎಂದು ನಂಬಿದವನು ನಾನು. ಬಾಯಿಗೆ ಬಂದಂತೆ ಮಾತಾಡುವವರ ಹಾಗೆ ಮನಸ್ಸಿಗೆ ಬಂದಂತೆ ಚಿಂತೆ ಮಾಡುವವರೂ ಇದ್ದಾರೆ. ಅವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಚಿಂತೆ ಬೆಳಗ್ಗೆ ಹಾಲು ಒಡೆದೀತೇ ಎಂಬಲ್ಲಿ ಶುರುವಾಗಿ, ನೀರು, ಗ್ಯಾಸು, ಲಿಫ್ಟು ಎಂದು ಕ್ರಮವಾಗಿ ಮುಂದುವರಿದು, ರಾತ್ರಿ ಬಾಗಿಲ ಚಿಲಕದ ಹತ್ತಿರ ಮುಗಿಯುತ್ತದೆ. ಆಮೇಲೆ ನಿದ್ದೆ. ದಾದರಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿ ನಾನು ಆಯುಷ್ಯ ಸವೆಸಿದ್ದೂ ಇದೇ ಪದ್ಧತಿಯಲ್ಲಿ. ಅಲ್ಲಿ ಕಪಾಟಿನ ಕಪ್ಪುಗಳ ಹಿಡಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಬೇಕು, ಚಮಚಗಳು ಬೋರಲು ಮಲಗಬೇಕು, ನೀರಿನ ಲೋಟ ಮೇಜಿನ ಬಲ ಮೂಲೆಯಲ್ಲೇ ನಿಲ್ಲಬೇಕು. "ನಮ್ಮ ಮ್ಯಾನೇಜರು ಇಡ್ಲಿಗೂ ಕವಾಯತು ಮಾಡಿಸ್ತಾರೆ ಮಾರಾಯ" ಎಂದು ಸಪ್ಲಾಯರುಗಳು ಬೆನ್ನ ಹಿಂದೆ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ಭಾವಿಸಿದ್ದೆ. ಈಗಲೂ ಹಾಗೆಯೇ ಭಾವಿಸುತ್ತೇನೆ.

ಇಷ್ಟು ವ್ಯವಸ್ಥಿತವಾದ ನನ್ನ ಚಿಂತೆಯ ದಿನಚರಿಯನ್ನು ಕೆಡಿಸಿದವಳು ನನ್ನ ಹೆಂಡತಿ ಶ್ಯಾಮಲಾ. ವಿಲೆ ಪಾರ್ಲೆಯ ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದವಳು. ವೈರು, ಬೆಸುಗೆ, ಸುಟ್ಟ ವಾಸನೆ ಇವೆಲ್ಲ ಅವಳಿಗೆ ಅಭ್ಯಾಸ. ನಿವೃತ್ತಿಯಾದ ಮೇಲೆ ಅವಳು ಭಜನಾ ಮಂಡಳಿಗೆ ಸೇರಿಯಾಳು ಎಂದು ನಾನು ಅಂದುಕೊಂಡಿದ್ದೆ. ಒಂದು ದಿನ ಚಪ್ಪಲಿ ಕೊಳ್ಳಲೆಂದು ಇಬ್ಬರೂ ಧಾರಾವಿಗೆ ಹೋದೆವು. ನಾನು ಚರ್ಮದ ಹೊಲಿಗೆ ಎಳೆದೆಳೆದು ಪರೀಕ್ಷಿಸುತ್ತಿದ್ದಾಗ ಇವಳು ಪಕ್ಕದ ಭಂಗಾರ್ ಅಂಗಡಿಗೆ, ಅಂದರೆ ಗುಜರಿ ಅಂಗಡಿಗೆ ಹೊಕ್ಕು, ಸತ್ತ ಮೊಬೈಲುಗಳ ರಾಶಿಯಿಂದ ಏನನ್ನೋ ಎತ್ತಿಕೊಂಡು ಬಂದಳು. ಅಂಗೈಗಿಂತ ತುಸು ದೊಡ್ಡದು, ನಾಲ್ಕು ಕೈಗಳಲ್ಲಿ ಒಂದು ಮುರಿದು ಜೋತಾಡುತ್ತಿತ್ತು, ನೋಡಲು ಕಾಲಡಿ ಸಿಕ್ಕಿದ ಏಡಿಯ ಹಾಗಿತ್ತು.

"ಎಂತದು ಅದು?"

"ಡ್ರೋನು. ಕ್ಯಾಮರಾ ಹೋಗಿದೆ, ಮೋಟಾರು ಮೂರು ಸರಿ ಉಂಟು" ಎಂದಳು. ಮುಖದಲ್ಲಿ ಮದುವೆಯ ದಿನವೂ ನಾನು ಕಾಣದ ಕಾಂತಿ.

ಕೆಲವು ದಿನಗಳಲ್ಲಿ ಅದೇ ಅಂಗಡಿಯಿಂದ ಎರಡನೆಯದೊಂದು ಬಂತು. ಅದರ ಕ್ಯಾಮರಾ, ಒಂದು ಮೋಟಾರು, ಎರಡು ರೆಕ್ಕೆ ಬದುಕಿದ್ದವು, ಉಳಿದದ್ದೆಲ್ಲ ಹೋಗಿತ್ತು. ಎರಡು ಹೆಣ ಸೇರಿಸಿ ಒಂದು ಜೀವ ಮಾಡುವ ಕೆಲಸ ನಮ್ಮ ಊಟದ ಮೇಜಿನ ಮೇಲೆ ಶುರುವಾಯಿತು. ಹೊಸ ಬಿಡಿಭಾಗ ಕೊಳ್ಳುವುದು ಅವಳ ಲೆಕ್ಕದಲ್ಲಿ ಸೋಲು. ಮುರಿದ ಕೈಗೆ ಉಲ್ಲನ್ ಹೆಣೆಯುವ ಕಡ್ಡಿಯ ತುಂಡಿಟ್ಟು, ನೂಲು ಸುತ್ತಿ, ಗೋಂದು ಸವರಿದಳು. ರೆಕ್ಕೆಗಳ ಸುತ್ತಲಿನ ರಕ್ಷೆಗೆ ಶ್ರೀಖಂಡದ ಡಬ್ಬಿಗಳ ಮುಚ್ಚಳ ಕತ್ತರಿಸಿ ಬಳೆ ಮಾಡಿದಳು. ಅದಕ್ಕಾಗಿ ನಾಲ್ಕು ಡಬ್ಬಿ ಶ್ರೀಖಂಡ ತಿನ್ನಬೇಕಾಗಿ ಬಂದದ್ದರಲ್ಲಿ ನನ್ನ ಸಕ್ಕರೆ ಕಾಯಿಲೆಯ ಪಾಲೂ ಇದೆ. ಕ್ಯಾಮರಾ ನಡುಗದಿರಲೆಂದು ಪಾತ್ರೆ ತೊಳೆಯುವ ಸ್ಪಂಜಿನ ಚೂರು ಮತ್ತು ಜಡೆಗೆ ಹಾಕುವ ರಬ್ಬರ್ ಬ್ಯಾಂಡು. ಪಾದಗಳಿಗೆ ಕಿವಿಯಲ್ಲಿ ಹಾಕುವ ಹತ್ತಿಕಡ್ಡಿ. ನೋಡಿದರೆ ಯಂತ್ರವೆನ್ನಬೇಕೋ ಬಾಲವಾಡಿಯ ಕರಕುಶಲವೆನ್ನಬೇಕೋ ತಿಳಿಯುತ್ತಿರಲಿಲ್ಲ.

ನನ್ನ ಚಿಂತೆ ಬ್ಯಾಟರಿಯದು. ಭಂಗಾರಿನಲ್ಲಿ ಬಂದಿದ್ದ ಹಳೆಯ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಉಬ್ಬಿದ್ದು ಬೆಂಕಿ ಹಿಡಿಯುತ್ತದೆ ಎಂದು ಅವಳೇ ಹೇಳಿ, ಅದನ್ನು ದೂರ ಮಾಡಿ, ಬೇರೆ ಬ್ಯಾಟರಿ ತಂದಳು. ಆದರೆ ಆ ಒಂದು ಮಾತು ನನಗೆ ಸಾಕಾಯಿತು. ಇದೂ ಒಂದು ದಿನ ಉಬ್ಬಬಹುದಲ್ಲ? ಮೀನು ಸಾರು ಮಾಡುವ ಮಣ್ಣಿನ ಪಾತ್ರೆಯೊಳಗೆ ಬ್ಯಾಟರಿಯನ್ನಿಟ್ಟೇ ಚಾರ್ಜು ಮಾಡಬೇಕೆಂದು ಹಟ ಹಿಡಿದೆ. ಅಷ್ಟು ಹೊತ್ತೂ ಪಕ್ಕದಲ್ಲಿ ಮರಳಿನ ಬಕೆಟು ಇಟ್ಟುಕೊಂಡು ನಾನು ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. "ಕಾವಲಿಗೆ ಕೂತವರು ಸ್ವಲ್ಪ ಬೀನ್ಸಾದರೂ ಕತ್ತರಿಸಿ" ಎಂದು ಅವಳು ತಟ್ಟೆ ಕೊಡುತ್ತಿದ್ದಳು. ನಾನು ಕತ್ತರಿಸಿದ ಬೀನ್ಸು ಒಂದೇ ಅಳತೆಯಲ್ಲಿರುತ್ತಿತ್ತು ಎಂಬುದನ್ನು ಮಾತ್ರ ಅವಳೂ ಅಲ್ಲಗಳೆಯಲಾರಳು.

ಎರಡನೆಯ ಚಿಂತೆ ವಿಮಾನದ್ದು. ನಮ್ಮ ಬಿಲ್ಡಿಂಗಿನ ಮೇಲೆ ವಿಮಾನ ಹಾದುಹೋದರೆ ಷೋಕೇಸಿನ ಲೋಟಗಳು ಮಾತಾಡುತ್ತವೆ. ವಿಮಾನ ನಿಲ್ದಾಣದ ಪಕ್ಕದ ಇಂಥ ಕಡೆ ಡ್ರೋನು ಹೊರಗೆ ಹಾರಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಶ್ಯಾಮಲಾಗೂ ಗೊತ್ತು. ಅವಳು ಮನೆಯ ಹಾಲಿನೊಳಗೇ ಹಾರಿಸುತ್ತಿದ್ದಳು. ಆದರೂ ಅದು ಕಿಟಕಿಯಿಂದ ನುಸುಳಿ ಹೊರಗೆ ಹೋದರೆ? ವಿಮಾನ ತಿರುಗಿ ನಿಂತರೆ? ಪೊಲೀಸರು ಬಂದು ಶ್ರೀಖಂಡದ ಮುಚ್ಚಳ ಕಂಡು ಮನೆ ಹುಡುಕಿದರೆ? ಕಿಟಕಿಗಳೆಲ್ಲ ಮುಚ್ಚಿ, ಅವಕ್ಕೆ ಬೆಡ್‌ಶೀಟು ಬಿಗಿದು, ಫ್ಯಾನು ನಿಲ್ಲಿಸಿ, ಮೇ ತಿಂಗಳ ಮುಂಬಯಿಯಲ್ಲಿ ಬೆವರು ಸುರಿಸುತ್ತ ನಾವಿಬ್ಬರು ಸೋಫಾದ ಹಿಂದೆ ನಿಂತಿರುತ್ತಿದ್ದೆವು. ಅದು ಗುಂಯ್ ಎಂದು ಏಳುತ್ತಿತ್ತು. ಟಿವಿಯ ಎತ್ತರದಲ್ಲಿ ನಿಂತು ನಮ್ಮನ್ನು ನೋಡುತ್ತಿತ್ತು. ನಿಜ ಹೇಳುತ್ತೇನೆ, ಅದು ಚೆನ್ನಾಗಿಯೇ ಹಾರುತ್ತಿತ್ತು.

ಹಾಗೆಯೇ ಇದ್ದುಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಶ್ಯಾಮಲಾಳ ತಮ್ಮ ಜಯರಾಮ ಮಗಳು ಶ್ರೇಯಾಳ ಮದುವೆಯ ಕಾಗದ ಕೊಡಲು ಬಂದ. ಕೇಟರಿಂಗ್ ಮಾಡುವವನು, ಬಾಯಿ ದೊಡ್ಡದು, ಮನಸ್ಸೂ ದೊಡ್ಡದೇ, ಆದರೆ ಮೊದಲು ಎದುರಾಗುವುದು ಬಾಯಿ. ಮೇಜಿನ ಮೇಲಿದ್ದದ್ದನ್ನು ಎತ್ತಿ ನೋಡಿದ.

"ಎಂತ ಅಕ್ಕ, ಈ ಶ್ರೀಖಂಡದ ಡಬ್ಬಿ ಹಾರ್ತದಾ?"

"ಹಾರ್ತದೆ."

"ಭಾವ, ನೀವು ಅಕ್ಕನಿಗೆ ಸ್ವಲ್ಪ ರಾಮಾಯಣ, ಭಾರತ ಓದ್ಲಿಕ್ಕೆ ಕೊಡಿ ಮಾರಾಯ್ರೆ. ಈ ಪ್ರಾಯದಲ್ಲಿ ಭಂಗಾರ್ ಹೆಕ್ಕುವುದಾ? ನಮ್ಮ ವಿಡಿಯೋದವನು ಡ್ರೋನಿಗೆ ಪೈಸೆ ಬೇರೆ ಅಂತಾನೆ. ನಾನು ಬೇಡ ಅಂದೆ. ಇಲ್ಲಿ ನೋಡಿದ್ರೆ ಮನೆಯಲ್ಲೇ ಕಂಪನಿ ಉಂಟು!"

ಅವನು ನಕ್ಕ. ನಾನೂ ಸಂಬಂಧದ ಮರ್ಯಾದೆಗೆ ಸ್ವಲ್ಪ ನಕ್ಕೆ. ಶ್ಯಾಮಲಾ ನಗಲಿಲ್ಲ. "ಶ್ರೇಯಾ ಮಂಟಪಕ್ಕೆ ಬರುವುದನ್ನು ನಾನು ಮೇಲಿಂದ ತೆಗೆದು ಕೊಡ್ತೇನೆ. ಮದುವೆ ಹಾಲಿನ ಒಳಗೇ ಅಲ್ವಾ. ಹಾಲಿನವರನ್ನು ನಾನೇ ಕೇಳ್ತೇನೆ" ಎಂದಳು. ಈ ದನಿ ನನಗೆ ಗೊತ್ತು. ಇಷ್ಟು ವರ್ಷ ಅವಳ ತಮ್ಮ, ತಂಗಿಯರು, ನಾನು, ಎಲ್ಲರೂ ಅವಳ ಕೆಲಸವನ್ನು 'ಲ್ಯಾಬಿನಲ್ಲಿ ಬಾಟಲಿ ತೊಳೆಯುವುದು' ಎಂದೇ ತಮಾಷೆ ಮಾಡಿದ್ದೆವು. ಈಗ ಅವಳ ಕೈಕೆಲಸ ಎಲ್ಲ ನೆಂಟರ ಎದುರು ಹಾರಬೇಕಿತ್ತು. ಹಾರದಿದ್ದರೆ ಜಯರಾಮ ಅದನ್ನು ಮೊಮ್ಮಕ್ಕಳ ಮದುವೆಯವರೆಗೂ ಹೇಳಿಕೊಂಡಿರುತ್ತಾನೆ.

ಅಂದಿನಿಂದ ನನಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಡ್ರೋನು ಭಟ್ಟರ ಜುಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಕಣ್ಣು ತೆರೆದರೆ ಸಾಂಬಾರಿನ ಕೊಪ್ಪರಿಗೆಗೆ ಬೀಳುತ್ತಿತ್ತು. ಹಾಲಿನವರು ಒಪ್ಪಿಗೆ ಕೊಡಲಿಕ್ಕಿಲ್ಲ ಎಂಬ ಒಂದೇ ಆಸೆ ಉಳಿದಿತ್ತು. ಅವರು ಶ್ಯಾಮಲಾಳ ಹತ್ತಿರ ಎರಡು ಮಾತಾಡಿ ಸಂತೋಷದಿಂದ ಒಪ್ಪಿದರು.

ಮದುವೆಯ ಬೆಳಗ್ಗೆ ಅವಳು ಸೀರೆ ಉಡುತ್ತಿದ್ದಾಗ ನಾನು ಕೊನೆಯ ಬಾರಿ ಎಲ್ಲ ಸರಿಯಿದೆಯೇ ಎಂದು ನೋಡೋಣವೆಂದು ಡ್ರೋನಿಟ್ಟಿದ್ದ ಡಬ್ಬಿ ತೆರೆದೆ. ಆಗ ಕಣ್ಣಿಗೆ ಬಿತ್ತು. ನಾಲ್ಕು ರೆಕ್ಕೆಗಳಲ್ಲಿ ಎರಡು ಕಪ್ಪು, ಎರಡು ಕಿತ್ತಳೆ. ಬೇರೆ ಬೇರೆ ಡ್ರೋನಿನವು, ಅದಿರಲಿ. ಆದರೆ ಅವನ್ನು ಹಾಕಿದ ರೀತಿ! ಮುಂದೆ ಒಂದು ಕಪ್ಪು, ಒಂದು ಕಿತ್ತಳೆ. ಹಿಂದೆ ಒಂದು ಕಿತ್ತಳೆ, ಒಂದು ಕಪ್ಪು. ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿ ಮದುವೆಗೆ ಹೊರಟವರ ಹಾಗೆ. ಪಾಪ, ಗಡಿಬಿಡಿಯಲ್ಲಿ ಹಾಕಿದ್ದಾಳೆ ಎಂದುಕೊಂಡೆ. ಬಲಗಡೆಯ ಎರಡನ್ನು ಮೆಲ್ಲನೆ ಎಳೆದು ತೆಗೆದು ಅದಲುಬದಲು ಮಾಡಿ ಒತ್ತಿದೆ. ಕಪ್ಪೆಲ್ಲ ಮುಂದೆ, ಕಿತ್ತಳೆಯೆಲ್ಲ ಹಿಂದೆ. ಹಲವು ದಿನಗಳ ಮೇಲೆ ಮನಸ್ಸಿಗೆ ಹಾಯೆನಿಸಿತು. ಆ ಬೆಳಗ್ಗೆ ಎರಡು ದೋಸೆ ಹೆಚ್ಚೇ ತಿಂದೆ.

ಮದುವೆಯ ಹಾಲಿನಲ್ಲಿ ನಾದಸ್ವರದವರು ಊದಲು ಸಿದ್ಧರಾಗಿದ್ದರು. ಭಟ್ಟರು "ಕನ್ಯೆಯನ್ನು ಕರ್ಕೊಂಡು ಬನ್ನಿ, ಮುಹೂರ್ತ ಹತ್ತಿರ ಬಂತು" ಎಂದರು. ದೂರದ ಬಾಗಿಲಲ್ಲಿ ಶ್ರೇಯಾ ಸಖಿಯರೊಂದಿಗೆ ನಿಂತಿದ್ದಳು. ಶ್ಯಾಮಲಾ ಡ್ರೋನನ್ನು ನೆಲದ ಕಾರ್ಪೆಟ್ಟಿನ ಮೇಲಿಟ್ಟು, ರಿಮೋಟು ಹಿಡಿದು, ಒಮ್ಮೆ ನನ್ನ ಕಡೆ ನೋಡಿ, ಗುಂಡಿ ಒತ್ತಿದಳು. ಅದು ಗುಂಯ್ ಎಂದಿತು. ಎಡಭಾಗವನ್ನು ಮಾತ್ರ ಎತ್ತಿತು. ಆಮೇಲೆ ಮಗ್ಗುಲು ಬದಲಿಸುವ ಎಮ್ಮೆಯ ಹಾಗೆ ಬಲಕ್ಕೆ ಉರುಳಿ ಹತ್ತಿಕಡ್ಡಿಗಳನ್ನು ಮೇಲೆ ಮಾಡಿ ಬಿತ್ತು.

ಎರಡನೆಯ ಸಲವೂ ಹಾಗೆಯೇ. ಮುಂದಿನ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಜಯರಾಮ ಕೈ ಒರೆಸಿಕೊಳ್ಳುತ್ತ ಅಡುಗೆ ಮನೆಯಿಂದಲೇ ಬಂದ. "ಆಯ್ತು ಅಕ್ಕ, ಬಿಡು. ಉಪವಾಸ ಇದ್ದಿರಬೇಕು, ಊಟ ಆದ ಮೇಲೆ ಹಾರ್ತದೆ" ಎಂದ. ಎಲ್ಲರೂ ನಕ್ಕರು. ಶ್ಯಾಮಲಾಳ ಕಿವಿ ಕೆಂಪಾಯಿತು. ಅವಳು ಕುಕ್ಕರಗಾಲಿನಲ್ಲಿ ಕುಳಿತು ಬೆಸುಗೆಗಳನ್ನು, ಕಡ್ಡಿ ಕಟ್ಟಿದ ಕೈಯನ್ನು ತಡವಿ ನೋಡಿದಳು. "ನಿನ್ನೆ ಸರಿ ಇತ್ತು. ನನ್ನದೇ ಎಲ್ಲೋ ತಪ್ಪಿರಬೇಕು" ಎಂದು ತನಗೆ ತಾನೇ ಹೇಳಿಕೊಂಡಳು.

ಆ ಮಾತು ಕೇಳಿ ನಾನು ಅವಳ ಪಕ್ಕಕ್ಕೆ ಬಂದು ಬಗ್ಗಿದೆ. "ರೆಕ್ಕೆ... ಸ್ವಲ್ಪ ನೀಟ್ ಮಾಡಿದ್ದೆ" ಎಂದೆ.

"ಎಂತ ಮಾಡಿದ್ರಿ?"

"ಕಪ್ಪು ಮುಂದೆ, ಕಿತ್ತಳೆ ಹಿಂದೆ. ನೋಡ್ಲಿಕ್ಕೆ ಚಂದ ಇರ್ಲಿ ಅಂತ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿದ್ದರೆ ಸಹಿಸಬಹುದಿತ್ತು, ಅವಳ ಮುಖದಲ್ಲಿ ಕಂಡದ್ದು ಸಮಾಧಾನ, ತನ್ನ ತಪ್ಪಲ್ಲವಲ್ಲ ಎಂಬ ಸಮಾಧಾನ. "ಕಪ್ಪು ಒಂದು ಕಡೆಗೆ ತಿರುಗುವುದು, ಕಿತ್ತಳೆ ಇನ್ನೊಂದು ಕಡೆಗೆ. ಒಂದೇ ಬಣ್ಣದ್ದು ಮೂಲೆಯಿಂದ ಮೂಲೆಗೆ ಇರ್ಬೇಕು. ತಪ್ಪಬಾರದು ಅಂತಲೇ ಎರಡು ಬಣ್ಣ ಇಟ್ಟದ್ದು ನಾನು. ನಿಮ್ಮ ಬಲಗಡೆಯ ಎರಡು ರೆಕ್ಕೆ ಮೇಲೆ ಎತ್ತುವ ಬದಲು ಕೆಳಗೆ ಒತ್ತುತ್ತಾ ಉಂಟು" ಎಂದಳು.

ಜಯರಾಮ ಬಾಯಿ ತೆರೆಯುವುದರೊಳಗೆ ನಾನೇ ಗಟ್ಟಿಯಾಗಿ ಹೇಳಿದೆ. "ಜಯರಾಮ, ನಿನ್ನ ಅಕ್ಕನ ಕೆಲಸ ಸರಿ ಇತ್ತು. ಕೆಡಿಸಿದ್ದು ನಾನು." ಹೋಟೆಲಿನಲ್ಲಿ ಗಿರಾಕಿಗಳ ಎದುರು ಇಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿದವನಲ್ಲ. ಹಾಲಿಗೆಲ್ಲ ಕೇಳಿಸಿತು.

"ಅದೆಲ್ಲ ಮತ್ತೆ ಭಾವ, ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ!"

"ಕನ್ಯೆ ಎಲ್ಲಿ?" ಭಟ್ಟರು ಮತ್ತೆ ಕೂಗಿದರು.

ಆಗ ಬಾಗಿಲಿನಿಂದ ಶ್ರೇಯಾಳ ದನಿ ಬಂತು. "ಪಪ್ಪಾ, ಏಕ್ ಮಿನಿಟ್! ನನ್ನ ಸೀರೆದು ನೆರಿಗೆ ಬಿಚ್ಚಿತು!" ಅವಳ ಸೀರೆಯ ನೆರಿಗೆಗೆ ಏನೂ ಆಗಿರಲಿಲ್ಲ, ಅಷ್ಟು ದೂರದಿಂದಲೂ ನನಗೆ ಕಾಣುತ್ತಿತ್ತು, ನೆರಿಗೆ ಎಂದರೆ ನನಗೆ ತಿಳಿಯದೇ? "ಅತ್ತೆ, ಟೆನ್ಷನ್ ಮತ್ ಲೋ. ಆರಾಮ್ ಸೆ ಮಾಡಿ" ಎಂದು ಕಣ್ಣು ಮಿಟುಕಿಸಿ, ಸಖಿಯರ ಮಧ್ಯೆ ಬಗ್ಗಿ ಕುಳಿತೇ ಬಿಟ್ಟಳು.

ರೆಕ್ಕೆ ಮುಟ್ಟಲು ನನಗೆ ಮತ್ತೆ ಅವಕಾಶ ಸಿಗಲಿಲ್ಲ. ಶ್ಯಾಮಲಾ ಕಾಫಿಯ ಚಮಚವೊಂದನ್ನು ತರಿಸಿ, ರೆಕ್ಕೆಯ ಬುಡಕ್ಕೆ ಕೊಟ್ಟು ಮೀಟಿ, ಎರಡನ್ನೂ ಸ್ವಸ್ಥಾನಕ್ಕೆ ಸೇರಿಸಿದಳು. ನಾದಸ್ವರ ಮೊಳಗಿತು. ಡ್ರೋನು ಎದ್ದಿತು, ಈ ಸಲ ನೆಟ್ಟಗೆ, ನಿಧಾನವಾಗಿ. ಶ್ರೇಯಾ ನಡೆದು ಬಂದಳಂತೆ, ಹೂ ಎರಚಿದರಂತೆ, ಅವಳ ತಾಯಿ ಅತ್ತಳಂತೆ. ನನಗೊಂದೂ ಗೊತ್ತಿಲ್ಲ. ನಾನು ಕಂಡದ್ದು ನಾಲ್ಕು ರೆಕ್ಕೆ ಮತ್ತು ಒಂದು ಉಲ್ಲನ್ ಕಡ್ಡಿ. ಅದು ಮಂಟಪದವರೆಗೆ ಹೋಗಿ, ಒಂದು ಸುತ್ತು ಬಂದು, ಶ್ಯಾಮಲಾಳ ಕಾಲ ಬಳಿ ಇಳಿಯಿತು. ಚಪ್ಪಾಳೆ ಬಿತ್ತು. ಮೊದಲು ಹೊಡೆದವನು ಜಯರಾಮ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಮುಂದಿನ ಭಾನುವಾರ ಮನೆಮಂದಿಯೆಲ್ಲ ನಮ್ಮ ಹಾಲಿನಲ್ಲಿ ಸೇರಿ ಟಿವಿಯಲ್ಲಿ ಅದನ್ನು ನೋಡಿದರು. ಚಿತ್ರ ನಿಜಕ್ಕೂ ಸೊಗಸಾಗಿತ್ತು. ಕೆಂಪು ಕಾರ್ಪೆಟ್ಟು, ನಡುವೆ ಹಸಿರು ಸೀರೆಯ ಮದುಮಗಳು, ಎರಡೂ ಕಡೆ ತಿರುಗಿ ನೋಡುತ್ತಿರುವ ಮುಖಗಳು. ಮತ್ತು ಇವೆಲ್ಲದರ ಮಧ್ಯೆ, ಮದುಮಗಳ ಪಕ್ಕದಲ್ಲೇ, ಪಂಚೆ ಉಟ್ಟ ಒಬ್ಬ ಬೋಳುತಲೆಯ ಮನುಷ್ಯ. ಎರಡು ಕೈಗಳಲ್ಲಿ ಶಲ್ಯವನ್ನು ಜೋಳಿಗೆಯಂತೆ ಅಗಲಿಸಿ ಹಿಡಿದು, ಬಾಯಿ ತೆರೆದು ಮೇಲೆ ನೋಡುತ್ತ, ಡ್ರೋನು ಎಡಕ್ಕೆ ಹೋದರೆ ತಾನೂ ಎಡಕ್ಕೆ, ಬಲಕ್ಕೆ ಬಂದರೆ ತಾನೂ ಬಲಕ್ಕೆ ಓಡುತ್ತಿದ್ದಾನೆ. ಒಂದು ಕಡೆ ಸಖಿಯೊಬ್ಬಳ ಹೂಬುಟ್ಟಿಗೆ ಡಿಕ್ಕಿ ಹೊಡೆದ. ಇನ್ನೊಂದು ಕಡೆ ವರನ ತಂದೆಯ ಕಾಲು ಮೆಟ್ಟಿ, ಕ್ಷಮೆ ಕೇಳದೆ ಮುಂದೆ ಹೋದ. ಮಂಟಪದ ಹತ್ತಿರ ಅವನ ತಲೆಯ ಮೇಲೆ ಬೆಳಕು ಬಿದ್ದು ಒಂದು ಕ್ಷಣ ಚಿತ್ರವೆಲ್ಲ ಬೆಳ್ಳಗಾಯಿತು.

"ಅತ್ತೆ, ವಿಡಿಯೋ ಏಕ್‌ದಮ್ ಮಸ್ತ್ ಆಗಿದೆ!" ಎಂದು ಶ್ರೇಯಾ ಶ್ಯಾಮಲಾಳನ್ನು ಅಪ್ಪಿಕೊಂಡಳು. ಜಯರಾಮ ಕಣ್ಣು ಒರೆಸಿಕೊಂಡ. ನಗು ತಡೆಯಲಾರದೆಯೋ ಏನೋ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಕ್ಕ, ನನ್ನ ಹೆಂಡತಿಯ ಕಡೆಯ ಹುಡುಗನದ್ದೊಂದು ಮದುವೆ ಉಂಟು. ನೀನೇ ಬಂದು ತೆಗೀಬೇಕಂತೆ, ಶ್ರೇಯಾನ ಮದುವೆಯಲ್ಲಿ ನೋಡಿ ಅವರೇ ಹೇಳಿದ್ದು. ಭಾವ ಮಾತ್ರ..." ಎಂದು ನನ್ನ ಕಡೆ ತಿರುಗಿದ. "ಭಾವ, ನೀವು ಮುಹೂರ್ತಕ್ಕೆಲ್ಲ ತೊಂದರೆ ತಗೊಳ್ಬೇಡಿ. ಸೀದಾ ಊಟಕ್ಕೆ ಬಂದ್ರೆ ಸಾಕು."

ಎಲ್ಲರೂ ನನ್ನನ್ನು ನೋಡಿದರು. ಶ್ಯಾಮಲಾಳೂ ನೋಡಿದಳು, ಸ್ವಲ್ಪ ನಗುತ್ತ. ನಾನು ಒಪ್ಪಿಕೊಂಡೆ. ಒಂದೇ ಒಂದು ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ನನಗೆ ಉತ್ತರ ಕೊಟ್ಟಿಲ್ಲ: ಹಾಗಾದರೆ ಡ್ರೋನಿನ ಕೆಳಗೆ ಶಲ್ಯ ಹಿಡಿಯುವವರು ಯಾರು?