ಡ್ರೈವರನ ಕಾಲಿನ ಹಗ್ಗ

ಬೇಸಿಗೆಯ ಕೊನೆ. ಬೆಳಗಿನ ಆರು ಗಂಟೆಗೇ ವಾರ್ಡಿನ ಗೋಡೆಗಳು ಬಿಸಿಯಾಗಿದ್ದವು. ಅಂಥ ಒಂದು ಬುಧವಾರ, ರೋಗಿಗಳ ಮೈ ಒರೆಸುವ ಕೆಲಸ ಮುಗಿದ ಕೂಡಲೇ ದೊಡ್ಡ ಸಿಸ್ಟರು ಒಂದು ಮರದ ಕುರ್ಚಿಯನ್ನು ಕರಕರ ಎಳೆದುಕೊಂಡು ಬಂದು ಡ್ರೈವರನ ಮಂಚದ ಕಾಲಕಡೆ ಹಾಕಿದರು. ಆಮೇಲಿನ ಅನಾಹುತಕ್ಕೆಲ್ಲ ಆ ಕುರ್ಚಿಯೇ ಮೂಲ.

ಡ್ರೈವರ್ ಅಂದರೆ ಬಸ್ಸಿನ ಡ್ರೈವರ್. ವರ್ಷಗಟ್ಟಲೆ ಬಸ್ಸು ಓಡಿಸಿ ಒಂದು ಕೋಳಿಯ ಪುಕ್ಕವನ್ನೂ ಮುಟ್ಟದ ಮನುಷ್ಯ, ತನ್ನ ಮನೆಯ ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ತೊಡೆ ಮುರಿದುಕೊಂಡಿದ್ದ. ಮೊಣಕಾಲಿನ ಕೆಳಗೆ ಮೂಳೆಗೆ ಒಂದು ಕಂಬಿ ತೂರಿಸಿ, ಕಂಬಿಗೆ ಹಗ್ಗ ಕಟ್ಟಿ, ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಆ ತುದಿಗೆ ಕಬ್ಬಿಣದ ತೂಕದ ಬಟ್ಟು ತೂಗುಹಾಕಿದ್ದರು. ಬಟ್ಟು ನೆಲ ಮುಟ್ಟದೆ ತೂಗುತ್ತಿರಬೇಕು. ಅದು ಹಗಲೂ ರಾತ್ರಿ ಕಾಲನ್ನು ಎಳೆದು ಹಿಡಿದರೆ ಮುರಿದ ಮೂಳೆ ನೆಟ್ಟಗೆ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಮನುಷ್ಯ ಗೂಟಕ್ಕೆ ಕಟ್ಟಿದ ಎಮ್ಮೆ. ಎಮ್ಮೆಯಾದರೂ ಗೂಟದ ಸುತ್ತ ಒಂದು ಸುತ್ತು ಹಾಕುತ್ತದೆ.

ಮೊದಲೇ ಅವನಿಗೆ ಮೂಗಿನ ತುದಿಯಲ್ಲಿ ಕೋಪ. ಈಗ ಅದು ಮೈಯೆಲ್ಲ ಹರಡಿತ್ತು. ಬಿಸಿಲಿನ ಮೇಲೆ ಕೋಪ, ಸೊಳ್ಳೆಯ ಮೇಲೆ ಕೋಪ, ಸಪ್ಪೆ ಗಂಜಿಯ ಮೇಲೆ ಕೋಪ. ಎಲ್ಲಕ್ಕಿಂತ ದೊಡ್ಡ ಕೋಪಕ್ಕೆ ಕಾರಣ ಮಾತ್ರ ಅವನ ಮನೆಯಲ್ಲಿತ್ತು. ಅವನು ಇಲ್ಲಿಗೆ ಬಂದಾಗ ಅಂಬೆಗಾಲಿಡುತ್ತಿದ್ದ ಮಗಳು ಈಗ ಗೋಡೆ ಹಿಡಿದು ನಿಲ್ಲುತ್ತಿದ್ದಳಂತೆ. ಮೊದಲ ಇಬ್ಬರು ಮಕ್ಕಳು ಹೆಜ್ಜೆ ಇಟ್ಟಾಗ ಅವನು ಬಸ್ಸಿನ ಡ್ಯೂಟಿಯ ಮೇಲಿದ್ದ. ಈ ಕೊನೆಯದರ ಮೊದಲ ಹೆಜ್ಜೆಯನ್ನಾದರೂ ಕಣ್ಣಾರೆ ನೋಡಬೇಕು ಅಂತ ಅವನ ಹಟ. ಕೂಸುಗಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಇವತ್ತು ಕಾಲಿನ ಎಕ್ಸ್‌ರೇ ತೆಗೆಯುತ್ತಾರೆ. ಮೂಳೆ ಕೂತಿದ್ದರೆ ಹಗ್ಗ ಬಿಚ್ಚಿ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸುತ್ತಾರೆ.

"ಈ ಕುರ್ಚಿ ಯಾರಿಗೆ?" ಅಂದ ಡ್ರೈವರ್.

"ಕಂಡಕ್ಟರಿಗೆ," ಅಂದರು ದೊಡ್ಡ ಸಿಸ್ಟರು.

ಪಕ್ಕದ ಮಂಚದ ಕಂಡಕ್ಟರು ರಿಟೈರಾದ ಹಿರಿಯರು. ಬೇರೆ ಯಾವುದೋ ಊರಿನ ಬಸ್ಸಿನಲ್ಲಿ ಕೆಲಸ ಮಾಡಿದವರು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಲಗಡೆ ಅಂತ ಒಂದಿದೆ ಅನ್ನುವುದನ್ನೇ ಅವರು ಮರೆತಿದ್ದರು. ತಟ್ಟೆಯ ಎಡಗಡೆಯ ಅನ್ನ ಉಂಡು, ಬಲಗಡೆಯದನ್ನು ಹಾಗೇ ಬಿಟ್ಟು, ಸಾಲದು ಅಂತ ಮುಖ ಸಿಂಡರಿಸುತ್ತಿದ್ದರು. ಮಾತೂ ಹೋಗಿತ್ತು. ಜೀವಮಾನವೆಲ್ಲ ಬಸ್ಸು ಬಿಡಲು 'ರೈಟ್' ಅಂದು, ನಿಲ್ಲಿಸಲು 'ಹೋಲ್ಡಾನ್' ಅಂದ ಬಾಯಿ ಅದು. ಬಿಡುವ ಮಾತು ಹೋಗಿ ನಿಲ್ಲಿಸುವ ಮಾತೊಂದೇ ಉಳಿದಿತ್ತು. ಹಸಿವಾದರೂ ಹೋಲ್ಡಾನ್, ಹೊಟ್ಟೆ ತುಂಬಿದರೂ ಹೋಲ್ಡಾನ್.

ಡ್ರೈವರನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಡ್ಯೂಟಿಲೂ ಇದೇ, ಹಾಸಿಗೆಲೂ ಇದೇನಾ? ಅವರನ್ನ ಕಿಟಕಿ ಹತ್ರ ಕೂರಿಸಿ ಸಿಸ್ಟರ್!"

"ಕಿಟಕಿ ಕೂಗಲ್ಲ, ನೀವು ಕೂಗ್ತೀರ. ನೀವು ಕೂಗಿದಾಗೆಲ್ಲ ಅವರು ಬಲಗಡೆಗೆ ಸ್ವಲ್ಪ ತಿರುಗ್ತಾರೆ, ನಾನು ನೋಡಿದ್ದೀನಿ. ಬಿದ್ದ ಕಡೆ ಏನಾದ್ರೂ ನಡೀತಾ ಇದ್ರೇನೇ ಆ ಕಡೆ ಎಚ್ಚರ ಆಗೋದು." ಸಿಸ್ಟರು ಕಂಡಕ್ಟರನ್ನು ಎತ್ತಿ, ಬಲಗೈ ಡ್ರೈವರನ ಹಗ್ಗದ ಕಡೆಗೆ ಬರುವ ಹಾಗೆ ಕೂರಿಸಿದರು. "ನೀವು ದಿನಾ ಕೂಗೋ ಹಾಗೆ ಕೂಗ್ತಾ ಇರಿ. ಅಷ್ಟು ಸಾಕು."

"ನನ್ನ ಕೋಪ ಏನು ಔಷಧಿನಾ, ದಿನಕ್ಕೆ ಮೂರು ಹೊತ್ತು ಕೊಡೋಕೆ?"

"ಹೋಲ್ಡಾನ್," ಅಂದರು ಕಂಡಕ್ಟರು. ಕತ್ತು ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿಯಿತು.

"ನೋಡಿದ್ರಾ!" ಅಂದರು ಸಿಸ್ಟರು.

ಆಗ ಕಂಡಕ್ಟರ ಆಚೆಯ ಮಂಚದಿಂದ ದಿಂಬಿಗೆ ಮುಖ ಒತ್ತಿಕೊಂಡು ಯಾರೋ ನಕ್ಕ ಸದ್ದಾಯಿತು. ಅವರು ಫೋಟೋದವರು. ಸ್ಟುಡಿಯೋ ಇಟ್ಟುಕೊಂಡು ಊರಿನವರ ಮುಖಗಳನ್ನೆಲ್ಲ ಹಿಡಿದವರು, ಈಗ ಒಬ್ಬರ ಮುಖವನ್ನೂ ನೋಡುವ ಹಾಗಿರಲಿಲ್ಲ. ಕಣ್ಣಿನ ಹಿಂದಿನ ಪೊರೆ ಬಿಟ್ಟುಕೊಂಡಿತ್ತು. ಆಪರೇಶನ್ ಮಾಡಿ ಒಳಗೆ ಗಾಳಿಯ ಗುಳ್ಳೆ ಬಿಟ್ಟು, ಗುಳ್ಳೆ ಸರಿದಾಡದ ಹಾಗೆ ಬೋರಲು ಮಲಗಿಸಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ನೆಲ. ಬಂದವರನ್ನೆಲ್ಲ ಚಪ್ಪಲಿಯ ಮೇಲೆ ಗುರುತಿಸುತ್ತಿದ್ದರು. ಚಪ್ಪಲಿ ಬರದ ಹೊತ್ತಿನಲ್ಲಿ ಡ್ರೈವರನ ಬಟ್ಟನ್ನು ನೋಡುತ್ತಿದ್ದರು. ಅವರ ಪಾಲಿಗೆ ಅದೇ ಗಡಿಯಾರದ ಪೆಂಡುಲಂ.

ಸಿಸ್ಟರು ಡ್ರೈವರನ ಕಡೆಗೇ ತಿರುಗಿ ಸಿಡುಕಿದರು. "ಅವರು ನಗಬಾರ್ದು, ಕೆಮ್ಮಬಾರ್ದು, ತಿಣುಕಬಾರ್ದು ಅಂತ ಎಷ್ಟು ಸಲ ಹೇಳಿದ್ದೀನಿ! ಅವರನ್ನ ನಗಿಸಬೇಡಿ!"

"ನಾನೆಲ್ಲಿ ನಗಿಸಿದೆ?"

"ನೀವು ಕೂಗಿದ್ರೆ ಅವರಿಗೆ ನಗು ಬರುತ್ತೆ."

"ಕೂಗಿ ಅಂದೋರು ನೀವೇ ಅಲ್ವಾ?"

"ಅವರಿಗೆ ನಗು ಬರದ ಹಾಗೆ ಕೂಗಿ," ಅಂದು ಸಿಸ್ಟರು ಕಣ್ಣಿನ ಡ್ರಾಪ್ಸ್ ತರಲು ಹೋದರು.

ಡ್ರೈವರ್ ಹಲ್ಲು ಕಡಿದು, ತುಟಿ ಹೊಲಿದವನಂತೆ ಬಿದ್ದುಕೊಂಡ. ಒಂದು ಗಂಟೆ ಕಳೆಯಿತು. ಕಂಡಕ್ಟರ ಕತ್ತು ಮೆಲ್ಲಗೆ ಎಡಕ್ಕೆ ಜಾರಿ, ಬಾಯಿಂದ ಜೊಲ್ಲು ಸೋರಿತು. ಸಿಸ್ಟರು ಬಂದವರೇ ಕೆಂಡವಾದರು. "ಯಾಕೆ ಸುಮ್ನಿದ್ದೀರ? ಒಬ್ಬ ರೋಗಿಗೆ ಇಷ್ಟು ಉಪಕಾರ ಮಾಡೋಕಾಗಲ್ವಾ? ಎಂಥ ಕಲ್ಲು ಮನಸ್ಸು ನಿಮ್ಮದು!"

"ಥೂ, ಹಾಳಾಗ್ಲಿ! ಕೋಪ ಮಾಡ್ಕೊಳ್ಳೋಕೂ ಸ್ವಂತ ಹಕ್ಕಿಲ್ವಾ ಇಲ್ಲಿ!"

"ಹೋಲ್ಡಾನ್!" ಕಂಡಕ್ಟರ ಕತ್ತು ನೆಟ್ಟಗಾಯಿತು. ಫೋಟೋದವರು ದಿಂಬು ಕಚ್ಚಿ ಹಿಡಿದರು.

ಹತ್ತರ ಹೊತ್ತಿಗೆ ಕಂಡಕ್ಟರ ಹೆಂಡತಿ ಬುತ್ತಿ ತಂದರು. "ನೀಲಿ ಹವಾಯಿ, ಬಲಗಾಲಿನದರ ಬಾರು ಕಿತ್ತಿದೆ. ಕಂಡಕ್ಟರಮ್ಮ ಬಂದ್ರು," ಅಂದರು ಫೋಟೋದವರು. ಆ ತಾಯಿಗೆ ಸಿಸ್ಟರ ಕ್ರಮವೇ ಹಿಡಿಸಿರಲಿಲ್ಲ. ಗಂಡನಿಗೆ ಸಿಗಲಿ ಅಂತ ನೀರಿನ ಲೋಟವನ್ನು ಎಡಗಡೆ ಇಟ್ಟರೆ ಸಿಸ್ಟರು ಬಂದು ಬಲಗಡೆ ಇಡುವರು. ಅವರು ಅತ್ತ ಹೋದರೆ ಇವರು ಮತ್ತೆ ಎಡಗಡೆ. ಆ ಲೋಟ ನಡೆದಷ್ಟು ಆ ವಾರ್ಡಿನಲ್ಲಿ ಯಾರೂ ನಡೆದಿರಲಿಲ್ಲ.

"ಬಲಗಡೆ ಇಟ್ರೆ ಅವರು ನೋಡೋದೇ ಇಲ್ವಲ್ಲ ತಾಯೀ!" ಅಂದರು ಕಂಡಕ್ಟರಮ್ಮ, ಗಂಡನಿಗೆ ಉಣಿಸಿ ಮುಗಿಸುತ್ತಾ.

"ನೋಡ್ಲಿ ಅಂತಾನೇ ಇಡೋದು. ಊಟ ಆದ್ಮೇಲೆ ಬಲಗೆನ್ನೆ ಒಳಗೆ ಬೆರಳಾಡಿಸಿ ನೋಡಿದ್ರಾ? ನಿನ್ನೆ ಅರ್ಧ ತುತ್ತು ಅಲ್ಲೇ ಕೂತಿತ್ತು. ಮಲಗಿದ್ದಾಗ ಉಸಿರಿಗೆ ಸಿಕ್ಕಿದ್ರೆ ಏನು ಗತಿ?"

ಕಂಡಕ್ಟರಮ್ಮ ಮುಖ ಗಂಟಿಕ್ಕಿಕೊಂಡು, ಗಂಡನ ಬಾಯಿ ನೋಡಲು ಎರಡೂ ಕೈ ಬೇಕಾಗಿ, ಬುತ್ತಿಯ ಚೀಲವನ್ನು ಎಲ್ಲಿ ನೇತುಹಾಕಲಿ ಅಂತ ಸುತ್ತ ನೋಡಿದರು. ಡ್ರೈವರನ ಬಟ್ಟಿನ ಕೊಕ್ಕೆ ಕಂಡಿತು. ಹಾಕಿಯೇಬಿಟ್ಟರು.

ಡ್ರೈವರನ ಬಾಯಿಂದ ಬಂದ ಕೂಗಿಗೆ ಕಿಟಕಿಯ ಪಾರಿವಾಳಗಳೆಲ್ಲ ಹಾರಿಹೋದವು. "ಅಯ್ಯಯ್ಯೋ! ಅಕ್ಕಾ! ಅದು ನನ್ನ ಕಾಲು! ಮೊಳೆ ಅಲ್ಲ!"

"ಅಷ್ಟು ಕೂಗ್ಬೇಡಪ್ಪಾ, ಖಾಲಿ ಡಬ್ಬಿ ಅದು," ಅಂದರು ಕಂಡಕ್ಟರಮ್ಮ.

ಸಿಸ್ಟರು ಓಡಿ ಬಂದು ಚೀಲ ತೆಗೆದರು. ರಾಟೆಯನ್ನೂ ಕಂಬಿಯನ್ನೂ ನೋಡಿ, ಪಾದ ಮುಟ್ಟಿ, "ಬೆರಳು ಆಡಿಸಿ... ಹೂಂ," ಅಂದರು. ಆಮೇಲೆ ಹಿಂದಕ್ಕೆ ತಿರುಗಿದರೆ ಕಂಡಕ್ಟರ ಮುಖ ಪೂರ್ತಿ ಬಲಕ್ಕೆ ತಿರುಗಿತ್ತು. ಬಂದ ದಿನದಿಂದ ಮೊದಲ ಸಲ. ಕಣ್ಣು ಹಗ್ಗದ ಮೇಲೆ ನೆಟ್ಟಿತ್ತು. ಸಿಸ್ಟರ ಮುಖ ಅರಳಿತು. "ಈ ಸಲ ಕೂಗಿದ್ದು ಚೆನ್ನಾಗಿತ್ತು," ಅಂದರು ಡ್ರೈವರನಿಗೆ.

ಅವನಿಗೆ ಅವರ ಕತ್ತು ಹಿಸುಕಬೇಕು ಅನ್ನಿಸಿತು. ಕಾಲು ಕಟ್ಟಿತ್ತು.

ಎಕ್ಸ್‌ರೇ ಯಂತ್ರ ತಳ್ಳಿಕೊಂಡು ಬಂದು ಚಿತ್ರ ಹಿಡಿದುಹೋದರು. ಮಧ್ಯಾಹ್ನ ಮೂಳೆ ಡಾಕ್ಟರು ಬಂದರು. "ಕರೀ ಬೂಟು, ಹೊಸ ಲೇಸು," ಅಂತ ಬೋರಲು ಮಂಚ ಸಾರಿತು. ಡಾಕ್ಟರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ತಲೆಯಾಡಿಸಿದರು.

"ಚೆನ್ನಾಗಿ ಕೂತಿದೆ ಕಣಯ್ಯ. ಮೂರು ಗಂಟೆಗೆ ಹಗ್ಗ ಬಿಚ್ಚಿ ಪ್ಲಾಸ್ಟರ್ ಹಾಕ್ತೀವಿ. ಸಾಯಂಕಾಲ ಮನೆಗೆ ಹೋಗು. ಇನ್ನೂ ಎಳೆ ಮೂಳೆ ಅದು, ನೆನಪಿರ್ಲಿ. ಅಲ್ಲಿವರೆಗೆ ಆ ಹಗ್ಗದ ಮೇಲೆ ನೊಣವೂ ಕೂರಬಾರ್ದು."

ಡಾಕ್ಟರು ಹೋದರು. ಡ್ರೈವರನ ಕೋಪ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಸಾಯಂಕಾಲ! ಮಗಳು ಇನ್ನೂ ಗೋಡೆ ಬಿಟ್ಟಿರಲಿಲ್ಲ. ನಿನ್ನೆಯಷ್ಟೇ ಹೆಂಡತಿ ಹೇಳಿದ್ದಳು. ಸೊಳ್ಳೆ ಒಳ್ಳೆಯದಾಗಿ ಕಂಡಿತು. ಗಂಜಿಗೂ ಏನೋ ಒಂದು ರುಚಿ ಇತ್ತಲ್ಲ ಅನ್ನಿಸಿತು. ಎದುರಿಗೆ ಕೂತು ಹಗ್ಗವನ್ನೇ ನೋಡುತ್ತಿದ್ದ ಆ ಮುದಿ ಕಂಡಕ್ಟರ ಮೇಲೂ, ಯಾರ ಮೇಲೂ ಬಾರದ ಅಕ್ಕರೆ ಉಕ್ಕಿತು. ಪಾಪ, ನಮ್ಮ ಕಸುಬಿನವರೇ. ಹೋಗುವ ಮುಂಚೆ ಒಂದು ಒಳ್ಳೆ ಮಾತಾಡೋಣ ಅಂದುಕೊಂಡ. ಆ ವಾರ್ಡಿನಲ್ಲಿ ಅವನು ನಗುತ್ತಾ ಆಡಿದ ಮಾತು ಅದೊಂದೇ.

"ಕಂಡಕ್ಟರ್ ಸಾಹೇಬ್ರೇ, ಎಷ್ಟು ದಿನ ಹೋಲ್ಡಾನ್ ಅಂತೀರ? ನಮ್ಮ ಗಾಡಿ ಹೊರಡ್ತಾ ಇದೆ. ಹೊಡೀರಿ ಬೆಲ್ಲು!"

ಹಳೆಯ ಬಸ್ಸುಗಳಲ್ಲಿ ಕಂಡಕ್ಟರ ತಲೆಯ ಮೇಲೆ ಉದ್ದಕ್ಕೂ ಒಂದು ಹಗ್ಗ ಹಾದುಹೋಗುತ್ತಿತ್ತು. ಅದರ ತುದಿಗೆ, ಡ್ರೈವರನ ಕಿವಿಯ ಹತ್ತಿರ, ಗಂಟೆ. ಒಂದು ಸಲ ಎಳೆದರೆ ನಿಲ್ಲು. ಎರಡು ಸಲ ಎಳೆದರೆ ಹೊರಡು. ಕಂಡಕ್ಟರ ತೊಡೆಯ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿದ್ದ ಬಲಗೈ ಮೆಲ್ಲಗೆ ನಡುಗಿತು. ಬೆರಳು ಬಿಚ್ಚಿತು. ಮೊಣಕೈ ಎದ್ದಿತು. ಕಂಡಕ್ಟರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಡ್ರಾಪ್ಸಿನ ಸೀಸೆ ಹಿಡಿದಿದ್ದ ಸಿಸ್ಟರು ಅಲ್ಲೇ ಕಲ್ಲಾದರು. ಕೈ ಗಾಳಿಯಲ್ಲಿ ತಡವರಿಸುತ್ತಾ ಮೇಲೆ ಹೋಯಿತು, ಡ್ರೈವರನ ಕಾಲಿನ ಹಗ್ಗವನ್ನು ಹಿಡಿಯಿತು. ಬಿಗಿಯಾಗಿ ಹಿಡಿಯಿತು. ಒಂದು ಸಲ ಎಳೆಯಿತು. ಇನ್ನೊಂದು ಸಲ ಎಳೆಯಿತು.

"ರೈಟ್!" ಅಂದರು ಕಂಡಕ್ಟರು. "ರೈಟ್, ರೈಟ್!"

ವಾರ್ಡು ಎದ್ದು ಕುಣಿಯಿತು. ಏಳಲಾಗದವರು ಮಂಚ ಬಡಿದರು. ಕಂಡಕ್ಟರಮ್ಮ ಗೊಳೋ ಅಂತ ಅತ್ತು ಸಿಸ್ಟರನ್ನು ತಬ್ಬಿಕೊಂಡರು. ಯಾವತ್ತೂ ಹಲ್ಲು ಬಿಡದ ಸಿಸ್ಟರು ಕಣ್ಣೊರೆಸಿಕೊಂಡರು. ಡ್ರೈವರ್ ಪ್ರಾಣ ಹೋಗುವ ಹಾಗೆ ಕಿರುಚುತ್ತಿದ್ದ.

"ಕೂಗಿ! ಕೂಗಿ!" ಅಂದರು ಸಿಸ್ಟರು, ಅವನ ಕಡೆ ನೋಡದೆಯೇ. "ಇನ್ನೂ ಜೋರಾಗಿ! ಕೈ ಇನ್ನೂ ಮೇಲೆ ಬರುತ್ತೆ!"

"ಬಟ್ಟು ನೆಲ ಮುಟ್ಟಿದೆ ಸಿಸ್ಟರ್!" ಅಂತ ಬೋರಲು ಮಲಗಿದ್ದ ಫೋಟೋದವರು ಒಬ್ಬರೇ ಬಡಕೊಂಡರು. "ಹಗ್ಗ ರಾಟೆ ಬಿಟ್ಟಿದೆ! ನಾನೇ ನೋಡ್ದೆ! ನನ್ನ ಮಾತು ಯಾರಾದ್ರೂ ಕೇಳ್ರಪ್ಪಾ!"

ಕಣ್ಣಿಗೆ ಪಟ್ಟಿ ಕಟ್ಟಿದವರು ನೋಡಿದ್ದನ್ನು ಯಾರು ನಂಬುತ್ತಾರೆ? ನಂಬುವ ಹೊತ್ತಿಗೆ ತಡವಾಗಿತ್ತು.

ಮೂರು ಗಂಟೆಗೆ ಪ್ಲಾಸ್ಟರಿನ ಬದಲು ಇನ್ನೊಂದು ಎಕ್ಸ್‌ರೇ ಬಂತು. ಡಾಕ್ಟರು ಅದನ್ನು ನೋಡಿ, ಡ್ರೈವರನನ್ನು ನೋಡಿ, "ನೊಣ ಕೂತಿದ್ರೆ ವಾಸಿ ಇತ್ತು," ಅಂದರು. ಮೊದಲಿಂದ ಶುರು. ಬಟ್ಟಿನ ಜೊತೆಗೆ ಇನ್ನೊಂದು ಬಟ್ಟು.

"ಬೆಲ್ ಹೊಡೀರಿ ಅಂತ ಅವರಿಗೆ ಹೇಳಿದ್ದು ಯಾರು?" ಅಂತ ಸಿಸ್ಟರು ಹುಬ್ಬು ಗಂಟಿಕ್ಕಿ ಕೇಳಿದರು. ಜೀವಮಾನದಲ್ಲಿ ಒಂದೇ ಸಲ ನಕ್ಕು ಮಾತಾಡಿದ್ದಕ್ಕೆ ಆದ ಶಾಸ್ತಿ ಇದು.

ಐದು ಗಂಟೆಗೆ ಹೆಂಡತಿ ಓಡೋಡಿ ಬಂದಳು. "ರೀ, ನಡೆದ್ಲು ಕಣ್ರೀ! ಗೋಡೆ ಬಿಟ್ಟು, ಸೀದಾ ನನ್ನ ಹತ್ರ! ಮಧ್ಯಾಹ್ನ, ಊಟ ಆದ್ಮೇಲೆ. ನೀವು ಬರ್ತೀರ ಅಂತ ಮಂಚ ಸರಿಸಿ ಜಾಗ ಮಾಡಿದ್ನಲ್ಲ, ಆ ಜಾಗದಲ್ಲೇ ನಡೆದ್ಲು!" ಅಂದವಳ ಕಣ್ಣು ಆಗ ಎರಡು ಬಟ್ಟಿನ ಮೇಲೆ ಬಿತ್ತು.

ಡ್ರೈವರ್ ಗೋಡೆಯ ಕಡೆಗೆ ತಿರುಗಿ ಮಲಗಬೇಕು ಅಂದುಕೊಂಡ. ಹಗ್ಗ ಬಿಡಲಿಲ್ಲ. ಅಂಗೈಯಿಂದ ಮುಖ ಮುಚ್ಚಿಕೊಂಡ. ಅವಳು ಅವನ ಕಟ್ಟಿದ ಕಾಲಿನ ಪಾದವನ್ನು ನೀವುತ್ತಾ ಕೂತಳು.

ಮೂರು ದಿನದಲ್ಲಿ ಕಂಡಕ್ಟರು ಕೋಲು ಹಿಡಿದು ಎದ್ದರು. ಶನಿವಾರ ಬೆಳಿಗ್ಗೆ ಅವರನ್ನು ಕಳಿಸಿದ ಮೇಲೆ ಸಿಸ್ಟರು ಅದೇ ಮರದ ಕುರ್ಚಿಯನ್ನು ಕರಕರ ಎಳೆದು ಹಳೆಯ ಜಾಗಕ್ಕೇ ತಂದರು. ಹಿಂದೆ ಗಾಲಿ ಕುರ್ಚಿಯಲ್ಲಿ ಹೊಸ ರೋಗಿ, ಬಲಗಡೆ ಬಿದ್ದುಹೋದವರು. "ನಿಮ್ಮಷ್ಟು ಚೆನ್ನಾಗಿ ಕೂಗೋರು ಈ ಆಸ್ಪತ್ರೆಲೇ ಇಲ್ಲ," ಅಂದರು ಸಿಸ್ಟರು. "ಹಗ್ಗದಿಂದ ಒಂದು ಮೊಳ ದೂರ ಕೂರಿಸ್ತೀನಿ, ಹೆದರಬೇಡಿ."

ಡ್ರೈವರ್ ಎರಡೂ ಕೈಯಿಂದ ಮಂಚದ ಸರಳು ಹಿಡಿದುಕೊಂಡ. "ಸಿಸ್ಟರ್, ಇವರು ಏನು ಕೆಲಸ ಮಾಡ್ತಿದ್ರು?"

"ನಾಟಕದ ಕಂಪನಿಲಿ ಇದ್ರಂತೆ."

"ಪಾತ್ರ ಮಾಡ್ತಿದ್ರಾ?" ಅಂದ, ಉಸಿರು ಬಿಟ್ಟು.

"ಇಲ್ಲ. ಹಗ್ಗ ಹಿಡಿದು ಪರದೆ ಎಳೀತಿದ್ರು."

ಫೋಟೋದವರು ಗುರುವಾರವೇ ತಲೆ ಬಗ್ಗಿಸಿಕೊಂಡು, ನೆಲ ನೋಡುತ್ತಾ ಹೋಗಿದ್ದರು. ಕಂಡಕ್ಟರು ಆ ಶನಿವಾರ ಬಾಗಿಲಲ್ಲಿ ತಾವಾಗಿಯೇ ಬಲಕ್ಕೆ ತಿರುಗಿ, ಡ್ರೈವರನನ್ನು ನೋಡಿ, "ರೈಟ್" ಅಂದು ಹೋದರು. ಭಾನುವಾರ ಸಿಸ್ಟರೂ ರಜೆಯ ಮೇಲೆ ಊರಿಗೆ ಹೋದರು. ಡ್ರೈವರ್ ಕೂಗುತ್ತಾ ಉಳಿದ.