ಐದನೇ ಇಯತ್ತೆಗಾಗಿ ಒಂದು ಗ್ಯಾದರಿಂಗ್

ವರ್ಷವಿಡೀ ನೆಟ್ಟಗೆ ನಡೆಯುವ ಸಾಲಿ ಗ್ಯಾದರಿಂಗಿನ ದಿನವೇ ಯಾಕೆ ತಲೆಕೆಳಗಾಗುತ್ತದೆ ಅನ್ನುವುದು ಮಾಸ್ತರಿಕೆ ಮಾಡಿದ ಯಾರಿಗೂ ಇನ್ನೂ ತಿಳಿದಿಲ್ಲ. ಹಾಡಬೇಕಾದವರಿಗೆ ಅವತ್ತೇ ಗಂಟಲು ಕಟ್ಟುತ್ತದೆ, ಬಾಯಿ ಬಿಡಬಾರದವರಿಗೆ ಅವತ್ತೇ ಮಾತು ಬರುತ್ತದೆ. ಆಮೇಲೆ ಎಷ್ಟೋ ಊರಿನ ಸಾಲಿಗಳಲ್ಲಿ ಕಲಿಸಿದೆ. ಆದರೆ ದಾಂಡೇಲಿಯ ಆ ಒಂದು ವಾರ್ಷಿಕೋತ್ಸವದಲ್ಲಿ ನನ್ನ ಎದೆ ಹೊಡೆದುಕೊಂಡಷ್ಟು ಮತ್ತೆಲ್ಲೂ ಹೊಡೆದುಕೊಳ್ಳಲಿಲ್ಲ. ನಗು ಬಂದದ್ದು ಆಮೇಲೆ. ಅವತ್ತು ಮಾತ್ರ ನನಗೆ ನಗುವ ಧೈರ್ಯ ಇರಲಿಲ್ಲ.

ನೆನಪು ಕಲಿಸಿದ್ದು

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಹೊಸದಾಗಿ ಬಂದ ಶಿಕ್ಷಕಿ, ಎಲ್ಲರ ಬಾಯಲ್ಲಿ 'ಅಕ್ಕೋರು'. ಕಾಗದದ ಕಾರ್ಖಾನೆ ಬರುವುದಕ್ಕೂ ಮೊದಲು, ಬರೀ ಸಾಗವಾನಿ ಡಿಪೋ ಇದ್ದ ಕಾಲದಲ್ಲಿ ಸುರುವಾದ ಸಾಲಿ ನಮ್ಮದು. ನಾಲ್ಕನೇ ಇಯತ್ತೆಯವರೆಗೆ ಮಾತ್ರ ಇತ್ತು. ಮುಂದೆ ಕಲಿಯಬೇಕೆಂದರೆ ನಮ್ಮ ಮಕ್ಕಳು ಹಳಿಯಾಳಕ್ಕೆ ಹೋಗಬೇಕು. ಅಡವಿಯ ಹಾದಿ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡುಹುಡುಗರು ಹೇಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳ ಓದು ನಾಲ್ಕನೇ ಇಯತ್ತೆಗೇ ಮುಗಿಯುತ್ತಿತ್ತು.

ಐದನೇ ಇಯತ್ತೆ ಸಿಗಬೇಕಾದರೆ ಸಾಲಿಗಳ ಇನ್‌ಸ್ಪೆಕ್ಟರ್ ಸಾಹೇಬರು ಶಿಫಾರಸು ಮಾಡಬೇಕು. ಅದಕ್ಕೇ ನಮ್ಮ ಹೆಡ್‌ಮಾಸ್ತರು ಸಾಲಿಗೆ ಹತ್ತು ವರ್ಷ ತುಂಬಿದ ನೆವ ಮಾಡಿ ಅವರನ್ನು ಗ್ಯಾದರಿಂಗಿಗೆ ಕರೆದಿದ್ದರು. ಹೆಡ್‌ಮಾಸ್ತರು ಮುಂಡಗೋಡ ಕಡೆಯವರು. ಕಚ್ಚೆ ಧೋತರ, ಕರಿ ಕೋಟು, ಕರಿ ಟೊಪ್ಪಿಗೆ. ಗಾಬರಿಯಾದಾಗ ಟೊಪ್ಪಿಗೆ ತೆಗೆದು ಒಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡಿ ಮತ್ತೆ ಹಾಕಿಕೊಳ್ಳುವವರು.

"ಅಕ್ಕೋರ, ಸಾಹೇಬರು ಭಾಳ ಖಡಕ್ ಮನಷ್ಯಾ," ಅಂದರು ನನಗೆ. "ಗಂಟಿ ತಡಾ ಹೊಡದ್ರಂತ ಒಂದ ಸಾಲ್ಯಾಗ ಅರ್ಧಕ್ಕ ಎದ್ದು ಹೋಗ್ಯಾರ. ಅವತ್ತ ಒಂದ ತಪ್ಪ ಆತಂದ್ರ ಐದನೇ ಇಯತ್ತೆ ಮರತಬಿಡ್ರಿ."

ಹಳೆಯ ವಿದ್ಯಾರ್ಥಿಗಳು ಸ್ಟೇಜಿನ ಮೇಲೆ ಸಾಲಿಯ ನೆನಪು ಹೇಳಿದರೆ ಸಾಹೇಬರ ಮನಸ್ಸು ಕರಗೀತು ಎಂಬ ಲೆಕ್ಕ ಅವರದು. ಹುಡುಕಿದಾಗ ಇಬ್ಬರು ಸಿಕ್ಕರು. ಒಬ್ಬ ಜೊಯಿಡಾದಲ್ಲಿ ಫಾರೆಸ್ಟ್ ಗಾರ್ಡ್, ಇನ್ನೊಬ್ಬ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವ. ಹೆಡ್‌ಮಾಸ್ತರು ಗಾರ್ಡನನ್ನು ನಿಲ್ಲಿಸಿಕೊಂಡು ಕೇಳಿದರು, "ಸಾಲಿದು ಏನ್ ನೆನಪೈತಿ ನಿನಗ?"

"ನೀವು ಹೊಡದದ್ದ ನೆನಪೈತ್ರಿ."

"ಅದ ಬ್ಯಾಡ. ಬ್ಯಾರೆ ಹೇಳು."

ಗಾರ್ಡ ತಲೆ ಕೆರೆದುಕೊಂಡು ಬಹಳ ಹೊತ್ತು ಯೋಚಿಸಿದ. ಆಮೇಲೆ ಮುಖ ಅರಳಿತು.

"ಹೊಡಿಯೂಕಿಂತ ಮದಲ ಬೆತ್ತಾ ನಮ್ಮ ಕಡೆನ ತರಸ್ತಿದ್ರಿ!"

ಓಟದ ಸ್ಪರ್ಧೆ

ಗ್ಯಾದರಿಂಗಿನ ದಿನ ಮಧ್ಯಾಹ್ನ ಹಳಿಯಾಳದ ಬಸ್ಸಿಗೆ ಸಾಹೇಬರು ಬರುವವರಿದ್ದರು. ರಸ್ತೆಯ ಎರಡೂ ಬದಿಗೆ ಮಕ್ಕಳನ್ನು ನಿಲ್ಲಿಸಿದ್ದೆವು. ತೊಳೆದ ಅಂಗಿ, ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ಆಡಿಸಿದರೆ ಝಲ್ಲೆನ್ನುವ ಲೇಜೀಮು. ಸಾಹೇಬರು ಕೆಳಗಿಳಿದ ಕೂಡಲೇ ಲೇಜೀಮು ಆಡುತ್ತ ಅವರನ್ನು ಸಾಲಿಯವರೆಗೆ ಕರೆದೊಯ್ಯಬೇಕು ಎಂದು ಡ್ರಿಲ್ ಮಾಸ್ತರು ತಿಂಗಳಿನಿಂದ ತಯಾರಿ ಮಾಡಿಸಿದ್ದರು.

ಬಸ್ಸು ಬಂದು ನಿಂತಿತು. ಆದರೆ ಮೊದಲು ಇಳಿದವರು ಸಾಹೇಬರಲ್ಲ. ದೇವಿ, ಅಂದರೆ ಸಿಡುಬಿನ ಚುಚ್ಚುಮದ್ದು ಹಾಕುವವರು. ಪಾಪ, ಅವರು ಜೊಯಿಡಾ ಬಸ್ಸು ಹಿಡಿಯಲು ಇಳಿದದ್ದು. ಆದರೆ ಅವರ ಕೈಯಲ್ಲಿದ್ದ ಆ ಕರಿ ಚೀಲವನ್ನು ನಮ್ಮ ಮಕ್ಕಳು ಹೋದ ವರ್ಷವೇ ನೋಡಿದ್ದರು. ತೋಳಿನ ಮೇಲಿನ ಗುರುತು ಇನ್ನೂ ಮಾಸಿರಲಿಲ್ಲ.

"ದೇವಿ ಹಾಕಾಂವ ಬಂದಾನೋ!" ಎಂದು ಒಬ್ಬ ಕಿರುಚಿದ್ದಷ್ಟೇ. ಝಲ್ ಎಂದು ಲೇಜೀಮುಗಳೆಲ್ಲ ಒಮ್ಮೆಲೆ ನೆಲಕ್ಕೆ ಬಿದ್ದವು. ಮಕ್ಕಳು ಡಿಪೋದ ಸಾಗವಾನಿ ರಾಶಿಗಳ ಹಿಂದೆ ಮಾಯವಾದರು. ಡ್ರಿಲ್ ಮಾಸ್ತರು ಸೀಟಿ ಊದುತ್ತ ಹಿಂದೆ ಓಡಿದರು. ಸಾಹೇಬರು ಬಸ್ಸಿನ ಮೆಟ್ಟಿಲಿಳಿದು ಕಣ್ಣು ಉಜ್ಜಿಕೊಂಡಾಗ ಕಂಡದ್ದು ಧೂಳು, ಧೂಳಿನಲ್ಲಿ ಬಿದ್ದ ಲೇಜೀಮು, ಮತ್ತು ಹಾರ ಹಿಡಿದು ನಿಂತಿದ್ದ ನಾನು, ಹೆಡ್‌ಮಾಸ್ತರು.

"ಮಕ್ಕಳೆಲ್ಲಿ?" ಅಂದರು ಸಾಹೇಬರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

ಹೆಡ್‌ಮಾಸ್ತರು ಟೊಪ್ಪಿಗೆ ತೆಗೆದರು, ಒಳಗೆ ನೋಡಿದರು, ಹಾಕಿಕೊಂಡರು. "ಓಟದ ಸ್ಪರ್ಧಾ ನಡದೈತ್ರಿ ಸಾಹೇಬ್ರ."

"ಮತ್ತ ಈ ಲೇಜೀಮು?"

"ಭಾರ ಆಗ್ತಾವಂತ ಒಗದು ಓಡ್ಯಾರ್ರಿ."

ಸಾಹೇಬರು ಖಾಲಿ ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. "ಮದಲನೇ ನಂಬರ ಯಾರ ಬಂದ್ರು?"

"ಇನ್ನೂ ಯಾರೂ ತಿರಗಿ ಬಂದಿಲ್ರಿ," ಅಂದರು ಹೆಡ್‌ಮಾಸ್ತರು.

ಮದುವೆಯ ಸೀರೆ

ಚುಚ್ಚುಮದ್ದಿನವರನ್ನು ಚಹಾದ ಅಂಗಡಿಯ ಒಳಕೋಣೆಯಲ್ಲಿ ಕೂಡಿಸಿ ಬಾಗಿಲು ಮುಂದೆ ಮಾಡಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಮರಳಿ ಬಂದರು. ಕಾರ್ಯಕ್ರಮ ಸುರುವಾಯಿತು. ಊರೆಲ್ಲ ಬಂದು ಅಂಗಳದಲ್ಲಿ ಕೂತಿತ್ತು. ಸಾಹೇಬರು ಮುಂದಿನ ಕುರ್ಚಿಯಲ್ಲಿ, ಕೈಕಟ್ಟಿಕೊಂಡು. ನಾನು ನಾಟಕಕ್ಕಿಂತ ಹೆಚ್ಚು ಅವರ ಮುಖವನ್ನೇ ನೋಡುತ್ತಿದ್ದೆ. ಸಿಟ್ಟು ಬಂದಿದೆಯೋ ಇಲ್ಲವೋ, ಒಂದೂ ತಿಳಿಯದ ಮುಖ ಅದು.

ನಾಟಕದಲ್ಲಿ ರಾಜ ರಾಕ್ಷಸನನ್ನು ಕೊಲ್ಲುತ್ತಾನೆ. ನಾಲ್ಕನೇ ಇಯತ್ತೆಯ ಹುಡುಗರು ಚಲೋ ಮಾಡಿದರು. ರಾಕ್ಷಸ ಬಿದ್ದು ಒದ್ದಾಡಿ ಸತ್ತ. ಪರದೆ ಬಿತ್ತು. ಚಪ್ಪಾಳೆ ಬಿತ್ತು. ಸಾಹೇಬರೂ ಎರಡು ಸಲ ಕೈ ತಟ್ಟಿದರು. ನನಗೆ ಉಸಿರು ಬಂತು.

ಪರದೆ ಅಂದರೆ ಊರವರಿಂದ ಕೇಳಿ ತಂದು ಹೊಲಿದ ಸೀರೆಗಳು. ಒಂದನ್ನು ಸಾಲಿಯ ಗಂಟೆ ಹೊಡೆಯುವ ಸಿಪಾಯಿ ತಂದುಕೊಟ್ಟಿದ್ದ. ಹೆಂಡತಿಗೆ ಹೇಳದೆ ತಂದಿದ್ದ ಎಂಬುದು ನಮಗೆ ಗೊತ್ತಿರಲಿಲ್ಲ. ಚಪ್ಪಾಳೆಯ ನಡುವೆ ಹೆಂಗಸರ ಗುಂಪಿನಿಂದ ಒಂದು ಕೂಗು ಎದ್ದಿತು.

"ಅಯ್ಯ ಶಿವನ! ಅದು ನನ್ನ ಮದವಿ ಸೀರಿ!"

ಯಾರೂ ತಡೆಯುವ ಮೊದಲೇ ಆಕೆ ಸ್ಟೇಜು ಹತ್ತಿ ಸೀರೆಯ ಸೆರಗು ಹಿಡಿದು ಎಳೆದಳು. ಹಗ್ಗದ ಸಮೇತ ಪರದೆಯೆಲ್ಲ ಕೆಳಗೆ ಬಂತು. ಅಲ್ಲಿ, ಊರೆಲ್ಲ ನೋಡುತ್ತಿರುವಾಗ, ಸತ್ತ ರಾಕ್ಷಸ ಸಿಂಹಾಸನದ ಮೇಲೆ ಕಾಲು ಚಾಚಿ ಕೂತಿದ್ದ. ಅವನನ್ನು ಕೊಂದ ರಾಜ ಪಕ್ಕದಲ್ಲಿ ನಿಂತಿದ್ದ. ಇಬ್ಬರೂ ಒಂದೇ ಕಾಗದದಲ್ಲಿ ಚುರುಮುರಿ ತಿನ್ನುತ್ತಿದ್ದರು.

ಸಾಹೇಬರು ಹೆಡ್‌ಮಾಸ್ತರ ಕಡೆ ತಿರುಗಿದರು. "ಇದು ನಾಟಕದಾಗ ಐತೇನು?"

"ಐತ್ರಿ," ಅಂದರು ಹೆಡ್‌ಮಾಸ್ತರು, ದನಿ ಸಣ್ಣದಾಗಿತ್ತು. "ಕಡೀಕ ಇಬ್ಬರೂ ರಾಜಿ ಆಗ್ತಾರ್ರಿ. ಚುರುಮುರಿ ಅದರ ಗುರ್ತಿಗೆ..."

ಸೀರೆಯನ್ನು ಮಡಚುತ್ತಿದ್ದ ಸಿಪಾಯಿಯ ಹೆಂಡತಿ ಅಲ್ಲಿಂದಲೇ ಜೋರಾಗಿ ಹೇಳಿದಳು, "ಚುರುಮುರಿ ನಾನ ಮಾಡಿ ಕೊಟ್ಟೇನ್ರೀ ಸಾಹೇಬ್ರ! ಸೀರಿ ಅಷ್ಟ ಕೊಟ್ಟಿಲ್ಲ!"

ಒಬ್ಬಳೇ ತಾಯಿ

ಪರದೆಯಿಲ್ಲದ ಸ್ಟೇಜಿನ ಮೇಲೆ ಹಳೆಯ ವಿದ್ಯಾರ್ಥಿಗಳನ್ನು ಕರೆದದ್ದಾಯಿತು. ಗಾರ್ಡ ಖಾಕಿ ಸಮವಸ್ತ್ರದಲ್ಲಿ ನೆಟ್ಟಗೆ ನಿಂತು, ಹೆಡ್‌ಮಾಸ್ತರು ಕಲಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ: "ಈ ಸಾಲಿ ನನ್ನ ತಾಯಿ ಇದ್ದಂಗ. ಇಲ್ಲೆ ಕಲತು ನಾನು ಮನಷ್ಯಾ ಆದೆ." ಬೆತ್ತದ ಸುದ್ದಿ ಎತ್ತಲಿಲ್ಲ. ಹೆಡ್‌ಮಾಸ್ತರು ಮೊದಲ ಸಲ ಕುರ್ಚಿಗೆ ಬೆನ್ನು ಆನಿಸಿದರು.

ಎರಡನೆಯವ ಎದ್ದು ನಿಂತ. ಅವನಿಗೂ ಅದೇ ಮಾತು ಕಲಿಸಿದ್ದರು. "ಈ ಸಾಲಿ ನನ್ನ ತಾಯಿ..." ಎಂದು ಸುರು ಮಾಡಿದವನಿಗೆ ಇದನ್ನು ಈಗಷ್ಟೇ ಹೇಳಿಯಾಗಿದೆ ಎಂಬುದು ಹೊಳೆಯಿತು. ಬೆವರು ಒರೆಸಿಕೊಂಡ. ಗಾರ್ಡನ ಕಡೆ ನೋಡಿದ, ಹೆಡ್‌ಮಾಸ್ತರ ಕಡೆ ನೋಡಿದ. ಕೊನೆಗೆ ಗಾರ್ಡನತ್ತ ಬೆರಳು ಮಾಡಿ, "ನನ್ನ ತಾಯಿನೂ ಅಕಿನ ರೀ," ಅಂದ.

ಅಷ್ಟರಲ್ಲಿ ಕಾರ್ಖಾನೆಯ ಭೋಂಗಾ ಕೂಗಿತು. ಪಾಳಿ ಬದಲಾಗುವ ಹೊತ್ತು. ಅವನು ಸ್ಟೇಜಿನಿಂದ ಜಿಗಿದ. ಅವನ ಜೊತೆ ಅಂಗಳದಲ್ಲಿದ್ದ ಗಂಡಸರಲ್ಲಿ ಅರ್ಧ ಜನ ಎದ್ದು ಓಡತೊಡಗಿದರು.

"ಏ, ಎಲ್ಲಿ ಹೊಂಟ್ಯೋ? ಮಾತ ಮುಗಸೋ!" ಹೆಡ್‌ಮಾಸ್ತರು ಕೂಗಿದರು.

"ತಾಯಿ ಎಲ್ಲೂ ಹೋಗಂಗಿಲ್ರಿ," ಓಡುತ್ತಲೇ ಅಂದ ಅವನು. "ಪಾಳಿ ಹೋಗ್ತೈತಿ!"

ನಪಾಸಾದವರು

ಇನ್ನು ಆಭಾರ ಹೇಳಿ ಮುಗಿಸಿಬಿಡೋಣ ಎಂದು ಹೆಡ್‌ಮಾಸ್ತರು ಏಳುವಷ್ಟರಲ್ಲಿ, ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಯಾರೂ ಕರೆಯದೆ ಸ್ಟೇಜು ಹತ್ತಿದಳು. ಇದೇ ಸಾಲಿಯಲ್ಲಿ ಕಲಿತವಳು. ಹತ್ತಿರದ ಸಾಂಬ್ರಾಣಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು, ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಈಗ ಮತ್ತೆ ದಾಂಡೇಲಿಗೇ ಬಂದಿದ್ದಳು. ಅವಳನ್ನು ಕಂಡದ್ದೇ ಹೆಡ್‌ಮಾಸ್ತರ ಕೈ ಟೊಪ್ಪಿಗೆಗೆ ಹೋಯಿತು.

"ನಂದೂ ಒಂದ ನೆನಪೈತ್ರಿ," ಅಂದಳು. "ನಾನು ನಾಕನೇ ಇಯತ್ತೆ ಮೂರ ಸಲ ಕಲತೇನ್ರಿ."

ಜನ ನಕ್ಕರು. ಅವಳು ನಗಲಿಲ್ಲ. "ಪಾಸಾಗಿದ್ದೆರಿ. ಪಾಸಾದ್ರ ಮನ್ಯಾಗ ಕುಂದರಬೇಕಲ್ರಿ, ಐದನೇದ್ದು ಇಲ್ಲಲ್ಲ. ಮಾಸ್ತರ ಕಾಲ ಹಿಡದೆ, ನನ್ನ ನಪಾಸ್ ಮಾಡ್ರಿ ಅಂತ. ಮಾಡಿದ್ರು. ಎರಡನೇ ಸಲ ನಾಕನೇತ್ತ್ಯಾಗ ಕುಂತು ಐದನೇದ್ದರ ಪುಸ್ತಕ ಓದಿದೆ. ಮೂರನೇ ಸಲ ಕುಂತು ಆರನೇದ್ದು."

ಉಪಕಾರ ಸ್ಮರಿಸುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಪಾಸಾದ ಹುಡುಗಿಯನ್ನು ನಪಾಸು ಮಾಡಿದ ಸುದ್ದಿಯನ್ನು ಇನ್‌ಸ್ಪೆಕ್ಟರ ಎದುರಿಗೇ, ಊರ ಮುಂದೆ ಹೇಳಿಯಾಗಿತ್ತು.

"ನಾಕನೇ ಸಲ ಯಾಕ ಕುಂದರ್ಲಿಲ್ಲ?" ಸಾಹೇಬರು ಕೇಳಿದರು.

"ಅಪ್ಪಗ ಬ್ಯಾಸರಾತ್ರಿ. 'ಇಷ್ಟ ದಡ್ಡಿ ಅದಾಳ, ಲಗ್ನಾನ ಮಾಡಿಬಿಡೂಣು' ಅಂದ."

ಸಾಹೇಬರು ಎದ್ದು ನಿಂತರು. "ಹೆಡ್‌ಮಾಸ್ತರ, ಇದು ಖರೇನ?"

ಈ ಸಲ ಹೆಡ್‌ಮಾಸ್ತರು ಟೊಪ್ಪಿಗೆ ತೆಗೆದವರು ಹಾಕಿಕೊಳ್ಳಲಿಲ್ಲ. ಕೈಯಲ್ಲೇ ಹಿಡಿದುಕೊಂಡರು. ಸುಳ್ಳೂ ಹೇಳಲಿಲ್ಲ. "ಖರೇ ರೀ. ಪಾಸ್ ಮಾಡಿದ್ರ ಮನ್ಯಾಗ ಕುಂದರಸ್ತಾರ. ನಪಾಸ್ ಮಾಡಿದ್ರ ಇನ್ನೊಂದ ವರ್ಷ ಕಲೀತಾವ್ರಿ."

"ಇದು ಗುನ್ಹೇ ಅಂತ ಗೊತ್ತೈತೇನು ನಿಮಗ?"

"ಗೊತ್ತೈತ್ರಿ."

ಸಾಹೇಬರು ಮಕ್ಕಳ ಕಡೆ ತಿರುಗಿದರು. "ಈಗ ನಾಕನೇ ಇಯತ್ತೆದಾಗ ಇಂಥಾ ನಪಾಸಾದವ್ರು ಎಷ್ಟ ಮಂದಿ ಅದೀರಿ? ಕೈ ಎತ್ರಿ."

ಹಿಂದಿನ ಸಾಲಿನಿಂದ ಎತ್ತರದ, ಉದ್ದ ಜಡೆಯ ಹುಡುಗಿಯರು ಒಬ್ಬೊಬ್ಬರಾಗಿ ಕೈ ಎತ್ತಿದರು. ಸಾಹೇಬರ ಪಕ್ಕದಲ್ಲೇ, ಸೀರೆ ಉಟ್ಟು ಚಹಾ ಕೊಡುತ್ತಿದ್ದವಳೊಬ್ಬಳು ತಾಟನ್ನು ಮೆಲ್ಲಗೆ ಕೆಳಗಿಟ್ಟು ತಾನೂ ಕೈ ಎತ್ತಿದಳು. ಸಾಹೇಬರು ಬಂದಾಗ ಅವಳಿಗೆ ಕೈ ಮುಗಿದು ನಮಸ್ಕಾರ ಮಾಡಿದ್ದರು.

"ನೀವು ಇಲ್ಲಿ ಅಕ್ಕೋರಲ್ಲೇನು?"

"ಅಲ್ರಿ, ನಾಕನೇ ಇಯತ್ತೆರಿ."

ಸಾಹೇಬರ ಗಲ್ಲ ಅದುರಿತು. ಸಿಟ್ಟು ಎಂದುಕೊಂಡೆ. ಆದರೆ ಬಸ್ಸಿಳಿದಾಗಿನಿಂದ ಕಟ್ಟಿಟ್ಟದ್ದೆಲ್ಲ ಒಮ್ಮೆಲೆ ಬಿಚ್ಚಿದಂತೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು, "ಹೆಡ್‌ಮಾಸ್ತರ, ನಿಮಗ ಐದನೇ ಇಯತ್ತೆ ಕೊಡದಿದ್ರ ಊರಾಗಿನ ಮುತ್ತೈದೇರೆಲ್ಲಾ ಬಂದು ನಾಕನೇತ್ತ್ಯಾಗ ಕುಂದರ್ತಾರ. ನಾಳಿಂದ ಯಾರನ್ನೂ ನಪಾಸ್ ಮಾಡಬ್ಯಾಡ್ರಿ. ಮುಂದಿಂದು ನಾ ನೋಡತೇನಿ."

ನೋಡಿದರು ಕೂಡ. ಮುಂದಿನ ಜೂನಿಗೆ ನಮಗೆ ಐದನೇ ಇಯತ್ತೆ ಬಂತು. ಸಾಲಿ ತೆರೆದ ದಿನ, ಧೋ ಎಂದು ಸುರಿಯುವ ಮಳೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತವಳು ಅವಳೇ, ಕಂಕುಳಲ್ಲಿ ಕೂಸು.

"ಐದನೇತ್ತಿಗೆ ಹೆಸರ ಹಚ್ಚೂದಿತ್ರಿ."

"ಯಾರದವಾ?"

"ನಂದರಿ."

ಹೆಡ್‌ಮಾಸ್ತರು ನನ್ನ ಮುಖ ನೋಡಿದರು. "ನೀ ಆರನೇದ್ದೂ ಓದಿ ಮುಗಸೀಯಲ್ಲವಾ?"

"ಓದೇನ್ರಿ. ಆದ್ರ ನಾಕನೇತ್ತಿಗೆ ಬಂದಮ್ಯಾಲೆ ಪಾಸ್ ಅನಿಸಿಕೊಂಡದ್ದು ಇನ್ನೂ ಒಮ್ಮೆನೂ ಇಲ್ಲಲ್ರಿ."

ಹೆಡ್‌ಮಾಸ್ತರು ಮೇಜಿನ ಮೇಲಿದ್ದ ದಾಖಲಾತಿ ಪುಸ್ತಕ ತೆರೆದರು. "ಆತು, ಹಚ್ಚಿಕೋತೇನಿ. ಕೂಸಿನ್ನ ಏನ್ ಮಾಡ್ತಿ?" ಅಂದರು.

ಅವಳು ಅದನ್ನು ಮೇಜಿನ ಮೇಲೆ, ಅವರ ಮುಂದೆಯೇ ಇಳಿಸಿದಳು.

"ಇದನ್ನ ಒಂದನೇತ್ತ್ಯಾಗ ಕುಂದರಸ್ರಿ."