ಫ್ರೀಜರಿನಲ್ಲಿ ನಾನು ಕಟ್ಟಿದ ಗೋಡೆ

ನನ್ನ ಮುತ್ತಜ್ಜ ಕಟ್ಟಿದ ಸೇತುವೆ ಮೂರು ಪ್ರವಾಹ ಕಂಡಿದೆ. ನೀರು ಹೋಯಿತು, ಸೇತುವೆ ಹೋಗಲಿಲ್ಲ. ಅಜ್ಜ ಕಟ್ಟಿದ ಬಾವಿಯಲ್ಲಿ ಇವತ್ತಿಗೂ ಒಂದು ಕಲ್ಲು ಅಲುಗಿಲ್ಲ (ನೀರು ಬತ್ತಿದೆ, ಅದು ಅಜ್ಜನ ತಪ್ಪಲ್ಲ). ಅಪ್ಪ ಸೆರೆಮನೆಯ ಹಿಂಗೋಡೆ ಕಟ್ಟಿದವನು. ಅದನ್ನು ಕೊರೆಯಲು ಹೋದ ಕಳ್ಳನೊಬ್ಬ ಸುಸ್ತಾಗಿ, ಪೂರ್ತಿ ಶಿಕ್ಷೆ ಮುಗಿಸಿ ಮುಂಬಾಗಿಲಿನಿಂದಲೇ ಹೊರಬಂದನಂತೆ. ಆ ವಂಶದ ಕುಡಿ ನಾನು. ಶಾಲೆಯ ಗೋಡೆ ಕಟ್ಟಿದ್ದೇನೆಯೇ ಹೊರತು ಒಳಗೆ ಕೂತವನಲ್ಲ. ಅಕ್ಷರ ಕಲಿತದ್ದು ಸಿಮೆಂಟ್ ಚೀಲದ ಬರಹ ನೋಡಿ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಇಂಥವನನ್ನು ಕಟ್ಟಿಕೊಂಡವಳು ಒಂದು ಪಾತ್ರೆ ಅನ್ನಕ್ಕೂ ನಂಬುವುದಿಲ್ಲವೆಂಬ ಅನ್ಯಾಯ ನಿಮಗೆ ತಿಳಿಯಲಿ ಎಂದಷ್ಟೇ.

ಅವಳ ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು. ಒಂದು ತಿಂಗಳು ಬಂದಿರು ಎಂದು ಕರೆ ಬಂತು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನಮ್ಮಾಕೆ ಎರಡು ದಿನಕ್ಕಿಂತ ಹೆಚ್ಚು ಮನೆ ಬಿಟ್ಟವಳಲ್ಲ. ಈ ಸಲ ಹೋಗಲೇಬೇಕೆಂಬ ಆಸೆ ಅವಳ ಕಣ್ಣಲ್ಲಿತ್ತು. ಬಾಯಲ್ಲಿ ಮಾತ್ರ ಅದೇ ಹಳೇ ರಾಗ.

"ನಾನು ಹೋದ್ರೆ ನಿಮ್ಮ ಹೊಟ್ಟೆ ಗತಿಯೇನು? ಮಗ ಬಸ್ಸು ಓಡಿಸೋಕೆ ಹೋಗ್ತಾನೆ, ಸೊಸೆಗೆ ಆಸ್ಪತ್ರೆ ಡ್ಯೂಟಿ. ನೀವು ನೀರು ಕಾಯಿಸಿದ್ರೂ ಸೀದುಹೋಗುತ್ತೆ."

"ಒಂದು ದಿನ ಅಡುಗೆ, ತಿಂಗಳಿಡೀ ಊಟ. ಮಾಡಿ ಫ್ರೀಜರಿಗೆ ತುಂಬಿದ್ರೆ ಮುಗೀತು."

"ಅದೇನು ಗಾರೆ ಕಲಸೋದಾ?"

"ಕಲಸೋದು ಕಲಸೋದೇ ಕಣೇ."

"ಆಯ್ತು, ಮಾಡಿ ತೋರಿಸಿ, ಹೋಗ್ತೀನಿ. ಆದ್ರೆ ಒಂದು ಹೊತ್ತು ಉಪವಾಸ ಬಿದ್ರಿ ಅಂತ ಗೊತ್ತಾಯ್ತೋ, ಸಿಕ್ಕಿದ ಬಸ್ಸಿಗೆ ವಾಪಸ್ಸು."

ಐಸ್‌ಕ್ರೀಮ್ ಅಂಗಡಿ ಮುಚ್ಚಿದವನೊಬ್ಬನಿಂದ ಪೆಟ್ಟಿಗೆಯಂಥ ಹಳೇ ಫ್ರೀಜರ್ ಅಗ್ಗಕ್ಕೆ ತಂದೆ. ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ, ಬಾಡಿದ ತರಕಾರಿಗೆ ಬಾಡಿದ ಬೆಲೆ ಕೊಟ್ಟೆ. ಕೂಲಿಯವರಿಗೆ ಅಡುಗೆ ಮಾಡುತ್ತಿದ್ದ ಕಡಾಯಿ ತರಿಸಿ ಬೇಳೆ, ಆಲೂಗಡ್ಡೆ ಬಟಾಣಿ, ಅನ್ನ ಎಲ್ಲವನ್ನೂ ಸಲಿಕೆಯಷ್ಟುದ್ದದ ಸೌಟಿನಲ್ಲಿ ತಿರುವಿದೆ. ಇನ್ನು ತುಂಬಿಡಲು ಡಬ್ಬಿ. ತೊಂಬತ್ತು ಡಬ್ಬಿಯ ಬೆಲೆ ಹೇಳುವಾಗ ಅಂಗಡಿಯವನ ಮುಖದಲ್ಲಿ ನಾಚಿಕೆಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಇಟ್ಟಿಗೆ ಅಚ್ಚು ಇರುವಾಗ ಡಬ್ಬಿ ಯಾವ ಲೆಕ್ಕ? ಅಚ್ಚನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದೆ. ಹಳೇ ಪ್ಲಾಸ್ಟಿಕ್ ಕವರಿನಲ್ಲಿ ಊಟ ತುಂಬಿ ಅಚ್ಚಿಗೆ ಒತ್ತಿದೆ. ತೊಂಬತ್ತು ಇಟ್ಟಿಗೆ! ಫ್ರೀಜರಿನಲ್ಲಿ ಒಂದರ ಸಂದಿನ ಮೇಲೆ ಇನ್ನೊಂದರ ನಡು ಬರುವಂತೆ ವರಸೆ ಕೂರಿಸಿ, ತೂಕದ ಗುಂಡು ಇಳಿಬಿಟ್ಟು ನೋಡಿದೆ. ಕೂದಲೆಳೆಯಷ್ಟೂ ವಾಲಿಲ್ಲ.

ಆದರೆ ಸಂದುಗಳಿದ್ದವು. ಸಂದು ಬಿಟ್ಟ ಗೋಡೆ ಮೇಸ್ತ್ರಿಗೆ ಅವಮಾನ. ಮಿಕ್ಕಿದ್ದ ಬೇಳೆ ಕಟ್ಟನ್ನು ಕರಣೆಯಿಂದ ಸಂದುಸಂದಿಗೂ ಹೊಯ್ದು ಮಟ್ಟಸ ಮಾಡಿದೆ.

ನಮ್ಮಾಕೆ ಬಗ್ಗಿ ನೋಡಿ, "ಚೊಕ್ಕವಾಗಿದೆ" ಎಂದಳು. ಮೂವತ್ತೆಂಟು ವರ್ಷದಲ್ಲಿ ಸಿಕ್ಕ ಮೊದಲ ಪ್ರಶಸ್ತಿ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದಳು. ಕಿಟಕಿಯಲ್ಲಿ ಕಂಡ ಆ ನಗು ಮದುವೆಯ ದಿನವೂ ಇರಲಿಲ್ಲ.

ಎರಡು ದಿನ ಕಡಾಯಿಯ ತಳದಲ್ಲಿದ್ದದ್ದನ್ನೇ ಉಂಡೆವು. ಮೂರನೆಯ ಮಧ್ಯಾಹ್ನ ಸೊಸೆ ಫ್ರೀಜರ್ ತೆರೆದಳು.

"ಮಾವ, ಒಂದೂ ಬರ್ತಿಲ್ಲ."

"ತುದಿ ಹಿಡಿದು ಎಳೆಯಮ್ಮ."

"ತುದಿ ಎಲ್ಲಿದೆ ಮಾವ?"

ಹೋಗಿ ನೋಡಿದೆ. ತೊಂಬತ್ತು ಊಟ ಸೇರಿ ಒಂದೇ ಬಂಡೆಯಾಗಿತ್ತು. ಹೇಳಬಾರದು, ಆದರೂ ಹೇಳುತ್ತೇನೆ: ಕೆಲಸ ಬಹಳ ಚೆನ್ನಾಗಿತ್ತು.

ಹಸಿದು ಬಂದಿದ್ದ ಮಗ, "ಸ್ವಿಚ್ ಆರಿಸಿಬಿಡೋಣಪ್ಪ, ಕರಗುತ್ತೆ" ಎಂದ.

"ತೊಂಬತ್ತೂ ಒಟ್ಟಿಗೆ ಕರಗುತ್ತೆ. ತಿನ್ನೋಕೆ ನಿಮ್ಮಪ್ಪ ಬರ್ತಾನಾ?"

"ಬಂದು ಎದುರಿಗೇ ನಿಂತಿದ್ದಾನಲ್ಲ."

ಇಂಥ ಮಾತಿಗೆ ಉತ್ತರ ಬಾಯಿಂದ ಕೊಡಬಾರದು. ಉಳಿ, ಸುತ್ತಿಗೆ ತಂದೆ. ಮೊದಲ ಏಟಿಗೆ ಎರಡು ಬಟಾಣಿ ಹಾರಿದವು. ಎರಡನೆಯದಕ್ಕೆ ಅನ್ನದ ಒಂದು ಚಕ್ಕೆ. ಮೂರನೆಯ ಏಟು ಬಲವಾಗಿಯೇ ಬಿತ್ತು. ಉಳಿ ಜಾರಿ ಪಕ್ಕದ ತಗಡಿಗೆ ನಾಟಿತು. ಒಳಗಿನಿಂದ 'ಸ್ಸ್ಸ್' ಎಂದು ನಿಟ್ಟುಸಿರು ಹೊರಟು, ಗುರುಗುಟ್ಟುತ್ತಿದ್ದ ಯಂತ್ರ ಸುಮ್ಮನಾಯಿತು.

ಸೊಸೆ ನರ್ಸಲ್ಲವೇ? ಫ್ರೀಜರಿನ ಮೇಲೆ ಅಂಗೈ ಇಟ್ಟು, "ನಾಡಿ ಸಿಗ್ತಿಲ್ಲ ಮಾವ. ಹೋದ ಹೊತ್ತು ಬರ್ಕೊಳ್ಲಾ?" ಎಂದಳು.

ಸಂಜೆಯೊಳಗೆ ನನ್ನ ಗೋಡೆ ಕೆಸರಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಮೊಸರಾದದ್ದು ಬೀದಿಯವರ ಬಾಯಿ. ಎದುರುಮನೆ ದರ್ಜಿ ಸಂಸಾರ ಸಮೇತ ಬಂದ, ಹಾಲಿನವನು ಕ್ಯಾನ್ ತುಂಬಿಸಿಕೊಂಡ. ಮೂಲೆಮನೆ ಟೀಚರಮ್ಮ ಬೆರಳು ನೆಕ್ಕಿ, "ರುಚಿಯಾಗಿದೆ, ಸ್ವಲ್ಪ ಮರಳು ಸಿಗುತ್ತೆ ಅಷ್ಟೇ" ಎಂದು ಪ್ರಮಾಣಪತ್ರ ಕೊಟ್ಟು ಇನ್ನೊಂದು ಬಟ್ಟಲು ಒಯ್ದರು. ಮರುದಿನ ಮಧ್ಯಾಹ್ನಕ್ಕೆ ಕವರುಗಳು ಮಾತ್ರ ಉಳಿದವು. ಮುಂದಿನ ಇಪ್ಪತ್ತಾರು ದಿನ ಬಾಯ್ದೆರೆದು ನಿಂತಿದ್ದವು.

ಆಗ ಫೋನು ಬಂತು. ಸೊಸೆ ಫ್ರೀಜರಿನ ಫೋಟೋ ಕಳಿಸಿಯಾಗಿತ್ತು.

"ಏನ್ರೀ ಇದು? ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ಲಾ?"

ಫೋನಿನ ಆ ತುದಿಯಲ್ಲಿ ಅಕ್ಕತಂಗಿಯರ ಯಾವುದೋ ನಗೆ ಅರ್ಧಕ್ಕೆ ನಿಂತದ್ದು ಕೇಳಿಸಿತು. ಜಟ್ಟಿ ಬಿದ್ದಿದ್ದ, ನಿಜ. ಆದರೂ ಮೀಸೆ ಒರೆಸಿಕೊಂಡೆ.

"ಬರ್ಬೇಡ."

"ದರ್ಜಿ ಹೆಂಡ್ತಿಗಾದ್ರೂ ಹೇಳ್ತೀನಿ, ಒಂದು ಹೊತ್ತು ಅನ್ನ..."

"ಯಾರಿಗೂ ಏನೂ ಹೇಳ್ಬೇಡ. ತಿಂಗಳು ಪೂರ್ತಿ ಅಲ್ಲೇ ಇರು. ದಿನಾ ನಾನೇ ಒಲೆ ಹಚ್ತೀನಿ, ನಾನೇ ಬೇಯಿಸ್ತೀನಿ. ಒಂದೇ ಒಂದು ಕೇಳ್ತೀನಿ: ತೊಂಬತ್ತು ಊಟದ ಅಕ್ಕಿಗೆ ನೀರೆಷ್ಟು ಅಂತ ಗೊತ್ತು, ಮೂರು ಜನಕ್ಕೆ ಎಷ್ಟು ಹಾಕ್ಬೇಕು? ... ಬೇಡ, ಬೇಡ, ಹೇಳ್ಬೇಡ! ಅದನ್ನೂ ನಾನೇ ನೋಡ್ಕೋತೀನಿ. ಫೋನ್ ಇಡು."